ವಿಠಲ ಸಾಲ್ಯಾನರ ಮೀನಿನ ಪಂಚಾಂಗ

ವಿಠಲ ಸಾಲ್ಯಾನರು ಇಪ್ಪತ್ತಾರು ವರ್ಷ ಬಹರೈನಿನ ಕಟ್ಟಡ ಕಂಪೆನಿಯೊಂದರಲ್ಲಿ ಪ್ಲಾನಿಂಗ್ ಎಂಜಿನಿಯರ್ ಆಗಿದ್ದವರು. ಯಾವ ಕಂಬಕ್ಕೆ ಯಾವ ದಿನ ಕಾಂಕ್ರೀಟ್ ಬೀಳಬೇಕು, ಅದು ಒಣಗುವಷ್ಟರಲ್ಲಿ ಎಲ್ಲಿಂದ ಎಷ್ಟು ಕಬ್ಬಿಣ ಬಂದಿರಬೇಕು ಎಂದು ಮೂರು ತಿಂಗಳು ಮೊದಲೇ ಹೇಳುವುದು ಅವರ ಕೆಲಸ. ನಿವೃತ್ತರಾಗಿ ಕಾಪುವಿಗೆ ಬಂದ ಮೇಲೆ ಯೋಜನೆ ಹಾಕಲು ಏನೂ ಉಳಿಯಲಿಲ್ಲ. ಮೊದಲ ಎರಡು ತಿಂಗಳು ಅಡುಗೆ ಗ್ಯಾಸ್ ಯಾವ ದಿನ ಮುಗಿಯುತ್ತದೆ, ತೆಂಗಿನೆಣ್ಣೆ ಯಾವ ದಿನ ಮುಗಿಯುತ್ತದೆ ಎಂದು ಹೆಂಡತಿ ಕುಶಲಾರಿಗೆ ಮುಂಚಿತವಾಗಿ ತಿಳಿಸುತ್ತಿದ್ದರು. ಮೂರನೇ ತಿಂಗಳು ಕುಶಲಾ, "ನೀವು ಎಲ್ಲಿಯಾದರೂ ಹೊರಗೆ ಹೋಗಿ ಬನ್ನಿ" ಎಂದರು.

ಅವರು ಕಾರ್ಕಳಕ್ಕೆ ಹೋದರು. ಬಹರೈನಿನಲ್ಲಿ ಅವರ ಜತೆ ಫೋರ್‌ಮನ್ ಆಗಿದ್ದ ವಲೇರಿಯನ್ ಅಲ್ಲಿ ಸ್ವರ್ಣಾ ಹೊಳೆಯ ದಡದಲ್ಲಿ ತೋಟ ಮಾಡಿಕೊಂಡಿದ್ದ. ಊಟವಾದ ಮೇಲೆ ಮಾಡಲು ಏನೂ ಇಲ್ಲದ್ದರಿಂದ ವಲೇರಿಯನ್ ಅವರ ಕೈಗೊಂದು ಗಾಳ ಕೊಟ್ಟು ಹೊಳೆಬದಿಯಲ್ಲಿ ಕೂರಿಸಿದ. ಅರ್ಧ ಗಂಟೆಯಲ್ಲಿ ಗೇಣುದ್ದದ ಮುಗುಡು ಮೀನೊಂದು ಸಿಕ್ಕಿತು. ಅಷ್ಟೇ ಸಾಕಾಯಿತು. ಮರುವಾರ ಅವರು ಸ್ವಂತ ಗಾಳ, ಮಡಚುವ ಕುರ್ಚಿ, ಥರ್ಮಾಮೀಟರ್ ಮತ್ತು ಒಂದು ನೋಟ್‌ಬುಕ್ ಹಿಡಿದುಕೊಂಡು ಹೋದರು.

ಕಾಪುವಿನಲ್ಲಿ ಇದು ನಗುವ ವಿಷಯವಾಯಿತು. ಸಾಲ್ಯಾನರದು ಕಡಲ ಮೀನು ಹಿಡಿಯುವ ಮೊಗವೀರ ಮನೆತನ. ಕುಶಲಾರ ಅಣ್ಣನದು ಮಲ್ಪೆಯಲ್ಲಿ ಎರಡು ಬೋಟು. ಕಡಲನ್ನು ಮನೆಯಂಗಳದ ಹಾಗೆ ಇಟ್ಟುಕೊಂಡವನು ಮೂವತ್ತೈದು ಕಿಲೋಮೀಟರ್ ಗುಡ್ಡದ ಕಡೆ ಕಾರು ಬಿಟ್ಟುಕೊಂಡು ಹೋಗಿ ಮೀನು ಹಿಡಿಯುವುದನ್ನು ಆ ಅಣ್ಣ ಬಂದರಿನಲ್ಲೆಲ್ಲ ಹೇಳಿಕೊಂಡು ಬಂದ. ಕುಶಲಾ ಅಂತೂ ಹೊಳೆ ಮೀನಿಗೆ ಕೆಸರಿನ ವಾಸನೆ ಎಂದು ಅಡುಗೆಮನೆಯ ಒಳಗೇ ಬಿಡುತ್ತಿರಲಿಲ್ಲ. ಹಾಗೆ ಬಿಡಬೇಕಾದ ಸಂದರ್ಭವೂ ಹೆಚ್ಚು ಬರುತ್ತಿರಲಿಲ್ಲ. ಏಳು ತಿಂಗಳಲ್ಲಿ ಹನ್ನೊಂದು ಸಲ ಹೋಗಿ ಅವರು ಹಿಡಿದದ್ದು ನಾಲ್ಕು ಮೀನು.

"ಮೀನು ಇಲ್ಲದ್ದಲ್ಲ. ನಾವು ಹೋಗುವ ದಿನ ಸರಿ ಇಲ್ಲ" ಎಂದು ಸಾಲ್ಯಾನರು ತೀರ್ಮಾನಿಸಿದರು.

ಹಾಗಾಗಿ ಅವರು ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಮಾಡಿದರು. ಇಪ್ಪತ್ತು ವರ್ಷದ ಮಳೆ, ಗಾಳಿಯ ಒತ್ತಡ, ನೀರಿನ ಬಿಸಿ, ಚಂದ್ರನ ಹೆಚ್ಚು ಕಡಿಮೆ ಎಲ್ಲ ಸೇರಿಸಿ ವರ್ಷದ ಪ್ರತಿ ದಿನಕ್ಕೂ ಬಣ್ಣ ಕೊಟ್ಟರು. ಅವರ ಪ್ರಕಾರ ಮೀನು ಹೊಟ್ಟೆ ತುಂಬ ತಿನ್ನುವುದು ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ, ಅದೂ ಮೋಡ ಕವಿದು ಇನ್ನೇನು ಮಳೆ ಬರಬೇಕು ಎನ್ನುವಾಗ. ಅಂಥ ದಿನಕ್ಕೆ ಹಸಿರು. ಆಕಾಶ ತೊಳೆದಿಟ್ಟ ಹಾಗಿದ್ದು ಬಿಸಿಲು ಸುಡುವಾಗ ಮೀನು ಗುಂಡಿಯ ತಳ ಬಿಟ್ಟು ಏಳುವುದಿಲ್ಲ. ಅಂಥ ದಿನಕ್ಕೆ ಕೆಂಪು. ವಲೇರಿಯನ್ ಈ ಪಟ್ಟಿಯನ್ನು ಒಮ್ಮೆ ನೋಡಿ, "ಚೆಂದ ಉಂಟು ಮಾರಾಯ, ಫ್ರೇಮ್ ಹಾಕಿಸು" ಎಂದ. ಅವನು ಮನಸ್ಸು ಬಂದಾಗ ಹೋಗಿ ಕೂತು ವಾರಕ್ಕೆ ಎರಡು ಮೂರು ಮೀನು ಹಿಡಿಯುತ್ತಿದ್ದ.

ತಿಥಿಯ ವಿಷಯದಲ್ಲಿ ಮಾತ್ರ ಸಾಲ್ಯಾನರಿಗೆ ತೊಂದರೆಯಾಯಿತು. ಮೊಬೈಲು ಒಂದು ಹೇಳಿದರೆ ಗೋಡೆಯ ಕ್ಯಾಲೆಂಡರು ಅರ್ಧ ದಿನ ಆಚೀಚೆ ಹೇಳುತ್ತಿತ್ತು. ಆದ್ದರಿಂದ ಅವರು ಮನೆಯ ಪುರೋಹಿತರಾದ ಅನಂತೇಶ ಭಟ್ಟರಿಗೆ ಫೋನ್ ಮಾಡತೊಡಗಿದರು. "ಭಟ್ರೇ, ಚತುರ್ದಶಿ ಎಷ್ಟು ಹೊತ್ತಿಗೆ ಹಿಡಿಯುತ್ತದೆ?" "ಭಟ್ರೇ, ಈ ಸಲ ಅಷ್ಟಮಿ ಎರಡು ದಿನ ಉಂಟಾ?"

ಭಟ್ಟರಿಗೆ ಮೊದಲು ಅನುಮಾನ ಬಂತು. ಗೃಹಪ್ರವೇಶದ ದಿನ ತಮ್ಮನ್ನೇ ನಿಲ್ಲಿಸಿಕೊಂಡು, ಮುಹೂರ್ತ ಹತ್ತು ನಿಮಿಷ ತಪ್ಪಿದರೆ ಸಿಮೆಂಟಿಗೆ ಗೊತ್ತಾಗುತ್ತದಾ ಎಂದು ಕೇಳಿದ ಮನುಷ್ಯ ಇವರು. ನಾಲ್ಕಾರು ಫೋನಿನ ನಂತರ ಅವರಿಗೆ ಸಂತೋಷವಾಯಿತು. ಭಜನಾ ಮಂದಿರದಲ್ಲಿ ನಾಲ್ಕು ಜನರ ಎದುರು, "ಸಾಲ್ಯಾನರು ಈಗ ತಿಥಿ ನೋಡದೆ ಮನೆಯಿಂದ ಹೊರಗೆ ಕಾಲಿಡುವುದಿಲ್ಲ" ಎಂದರು. ಅದು ಸುಳ್ಳೂ ಆಗಿರಲಿಲ್ಲ.

ಏಪ್ರಿಲ್ ತಿಂಗಳ ಮೊದಲಿಗೆ ಪಕ್ಕದ ಮನೆಯ ಸುಭಾಷಿಣಿ ಬಂದರು. ಸೊಸೆಯ ಸೀಮಂತಕ್ಕೆ ಭಟ್ಟರು ಎರಡು ದಿನ ಕೊಟ್ಟಿದ್ದರು, ಎರಡೂ ಒಳ್ಳೆಯದೇ.

"ಯಾವುದು ಹಿಡಿಯುವುದು ಅಂತ ಗೊತ್ತಾಗುವುದಿಲ್ಲ ವಿಠಲಣ್ಣ. ನೀವೊಂದು ಹೇಳಿ."

ಸಾಲ್ಯಾನರು ಲ್ಯಾಪ್‌ಟಾಪು ತೆರೆದರು. ಹತ್ತನೇ ತಾರೀಕು ಹಸಿರು, ಹದಿನಾಲ್ಕು ಕೆಂಪು. ಪಕ್ಕದ ಮನೆಯ ಸೀಮಂತಕ್ಕೆ ಹೋಗದೆ ಇರುವಂತಿಲ್ಲ, ಹಸಿರು ದಿನ ಬಿಡುವಂತೆಯೂ ಇಲ್ಲ.

"ಹದಿನಾಲ್ಕು" ಎಂದರು.

ಹತ್ತರಂದು ಮಧ್ಯಾಹ್ನ ಗುಡುಗು ಗಾಳಿ ಬಂದು ಆ ರಸ್ತೆಯಲ್ಲಿ ಮೂರು ಮನೆಗಳ ಶೀಟು ಹಾರಿ ಹೋಯಿತು. ಸಾಲ್ಯಾನರು ಹೊಳೆಬದಿಯಿಂದ ಒದ್ದೆ ಬೆಕ್ಕಿನ ಹಾಗೆ, ಮೀನಿಲ್ಲದೆ ಮರಳಿದರು. ಹದಿನಾಲ್ಕರಂದು ಒಂದು ಹನಿ ಬೀಳಲಿಲ್ಲ. ಟೆರೇಸಿನ ಮೇಲೆ ಇನ್ನೂರು ಜನ ಉಂಡರು. ಕೆಂಪು ಎಂದರೆ ಒಣ ಆಕಾಶ ಎನ್ನುವುದು ಸುಭಾಷಿಣಿಗೆ ಗೊತ್ತಿರಲಿಲ್ಲ. ಅವರು ಕೈ ತೊಳೆಯುವಲ್ಲಿ ನಿಂತು ಎಲ್ಲರಿಗೂ ಹೇಳಿದ್ದು ಒಂದೇ: "ದಿನ ವಿಠಲಣ್ಣ ಕೊಟ್ಟದ್ದು."

ಆಮೇಲೆ ಜನ ಬರತೊಡಗಿದರು. ಅಂಗಡಿ ಉದ್ಘಾಟನೆ, ಬಾವಿಗೆ ಪೂಜೆ, ಪಡುಬಿದ್ರಿಯಿಂದ ಒಬ್ಬರು ಮಗನ ಮದುವೆಯ ಮೆಹೆಂದಿಗೆ. ಸಾಲ್ಯಾನರು ಎಲ್ಲರಿಗೂ ಕೆಂಪು ದಿನ ಕೊಟ್ಟರು. ಎಲ್ಲರ ಕಾರ್ಯಕ್ರಮವೂ ಒಣಗಿಕೊಂಡೇ ನಡೆಯಿತು. ನಿಜ ಹೇಳಬೇಕೆಂದು ಎರಡು ಸಲ ಬಾಯಿ ತೆರೆದರು. ಒಂದು ಸಲ ಎದುರಿಗಿದ್ದವರು ಕಾಲಿಗೆ ನಮಸ್ಕಾರ ಮಾಡಿದರು. ಇನ್ನೊಂದು ಸಲ ಕುಶಲಾ, "ಊರಿನವರು ಮರ್ಯಾದೆ ಕೊಡುವುದು ಇದೇ ಮೊದಲು, ಸುಮ್ಮನಿರಿ" ಎಂದರು.

ಅಷ್ಟರಲ್ಲಿ ಮಗಳು ಆಶ್ರಿತಾಳ ಸಂಬಂಧ ಕುದುರಿತು. ಹುಡುಗ ಪ್ರತೀಕ್, ಅವಳ ಜತೆಗೇ ಮಣಿಪಾಲದಲ್ಲಿ ಫಿಸಿಯೋಥೆರಪಿ ಓದಿದವನು. ಅವನ ತಂದೆ ಲೀಲಾಧರ ಕುಂದರ್ ಅಲ್ಲಿಯ ಕಾಲೇಜೊಂದರಲ್ಲಿ ಗ್ರಂಥಪಾಲಕರು. ಮೂವತ್ತು ವರ್ಷ ಇತರರನ್ನು ಮಾತಾಡಬೇಡಿ ಎಂದು ಹೇಳಿ ಹೇಳಿ ಅವರಿಗೂ ಮಾತು ಕಡಿಮೆಯಾಗಿತ್ತು. ನಿಶ್ಚಿತಾರ್ಥ ಹೆಣ್ಣಿನ ಮನೆಯಲ್ಲೇ, ಅಂಗಳದಲ್ಲಿ ಚಪ್ಪರ ಹಾಕಿ ಮಾಡುವುದೆಂದಾಯಿತು. ಕುಂದರರು ಒಂದು ಚೀಟಿ ನೋಡಿ, "ಜೂನ್ ಎಂಟು, ಭಾನುವಾರ. ನಮ್ಮವರೆಲ್ಲ ಬರಲಿಕ್ಕೆ ಆಗುತ್ತದೆ" ಎಂದರು.

ಜೂನ್ ಎಂಟು ಸಾಲ್ಯಾನರ ಪಟ್ಟಿಯಲ್ಲಿ ಬರಿಯ ಹಸಿರಲ್ಲ, ವರ್ಷಕ್ಕೆ ಒಂದೇ ಒಂದು ಕಡು ಹಸಿರು. ಹುಣ್ಣಿಮೆಗೆ ಮೂರು ದಿನ, ಮಳೆಗಾಲ ಶುರುವಾಗಿ ಎರಡೋ ಮೂರೋ ದಿನ, ಹೊಳೆಗೆ ಹೊಸನೀರು. ಆ ದಿನಕ್ಕಾಗಿ ಅವರು ಫೆಬ್ರವರಿಯಿಂದ ಕಾದಿದ್ದರು.

"ಎಂಟಕ್ಕೆ ಮಳೆ ಉಂಟು" ಎಂದರು. "ಒಂದನೇ ತಾರೀಕೂ ಭಾನುವಾರವೇ. ಇಪ್ಪತ್ತು ವರ್ಷದಲ್ಲಿ ಹದಿನೇಳು ವರ್ಷ ಆ ದಿನ ಮಳೆ ಬರಲಿಲ್ಲ."

ಹುಡುಗನ ಕಡೆಯವರಿಗೂ ಸಾಲ್ಯಾನರ ದಿನಗಳ ಸುದ್ದಿ ಮುಟ್ಟಿತ್ತು. ಭಟ್ಟರು ಪಂಚಾಂಗ ತಿರುವಿ, "ಷಷ್ಠಿ, ಹನ್ನೊಂದೂವರೆಗೆ ಒಳ್ಳೆಯ ಲಗ್ನ. ಸಾಲ್ಯಾನರು ನೋಡಿಯೇ ಹೇಳಿದ್ದಾರೆ" ಎಂದರು. ದಿನ ಒಂದಕ್ಕೆ ಬಂತು. ಆಶ್ರಿತಾ ಅಪ್ಪನ ಕಡೆ ನೋಡಿ ನಕ್ಕಳು. ಸಾಲ್ಯಾನರು ಅವಳ ಕಣ್ಣು ತಪ್ಪಿಸಿ ಕ್ಯಾಲೆಂಡರಿನ ಹಾಳೆ ತಿರುವಿದರು.

ಆ ವರ್ಷ ಮುಂಗಾರು ವಾರ ಮೊದಲೇ ಬಂತು. ಮೇ ಇಪ್ಪತ್ತೊಂಬತ್ತಕ್ಕೆ ಶುರುವಾದ ಮಳೆ ನಿಲ್ಲಲೇ ಇಲ್ಲ. ಒಂದನೇ ತಾರೀಕು ಬೆಳಿಗ್ಗೆ ಅಂಗಳದಲ್ಲಿ ಕುರ್ಚಿಗಳು ನೀರಿನಲ್ಲಿ ನಿಂತಿದ್ದವು. ಚಪ್ಪರದ ಬಟ್ಟೆ ಬಸುರಿಯ ಹೊಟ್ಟೆಯಂತೆ ಜೋತು, ಒಂದು ಕಡೆ ಕೋಲಿನಿಂದ ತಿವಿದು ನೀರು ಇಳಿಸಿದರೆ ಇನ್ನೊಂದು ಕಡೆ ತುಂಬುತ್ತಿತ್ತು. ಮಣಿಪಾಲದಿಂದ ಬಂದ ನೂರಿಪ್ಪತ್ತು ಜನ ಮನೆಯ ಒಳಗೆ, ಜಗಲಿಯಲ್ಲಿ, ಮೆಟ್ಟಿಲಿನಲ್ಲಿ, ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಒತ್ತಿಕೊಂಡು ನಿಂತರು. ಸುಭಾಷಿಣಿ ಸಾಲ್ಯಾನರನ್ನು ಬಹಳ ಹೊತ್ತು ನೋಡಿದರು.

ಹನ್ನೊಂದು ಗಂಟೆಗೆ ಹಿತ್ತಿಲಿನಿಂದ ಯಾರೋ ಕೂಗಿದರು. "ಉಬರ್ ಎದ್ದಿದೆ."

ಮೊದಲ ಮಳೆಗೆ ತೋಡು ತುಂಬಿ ಗದ್ದೆಯ ಜತೆ ಒಂದಾದಾಗ ಮೊಟ್ಟೆ ಇಡಲು ಮೀನು ಹೊಳೆ ಬಿಟ್ಟು ಮೇಲೆ ಹತ್ತಿ ಬರುತ್ತದೆ. ಅದನ್ನೇ ಇಲ್ಲಿಯವರು ಉಬರ್ ಎನ್ನುವುದು. ಸಾಲ್ಯಾನರ ಮನೆಯ ಹಿಂದಿನ ಗದ್ದೆಯಲ್ಲಿ ಮೊಣಕಾಲಿನಷ್ಟು ನೀರಿತ್ತು, ಆ ನೀರು ಅಲ್ಲಲ್ಲಿ ಕುದಿಯುತ್ತಿತ್ತು. ಎಲ್ಲ ಮುಗುಡು, ಮೊಳ ಉದ್ದದವೂ ಇದ್ದವು. ಊಟಕ್ಕೆಂದು ಬಂದಿದ್ದ ವಲೇರಿಯನ್ ಪ್ಯಾಂಟು ಮಡಚಿ ಮೊದಲು ಇಳಿದ. ಅವನ ಹಿಂದೆ ಕುಶಲಾರ ಅಣ್ಣ, ಎರಡು ಬೋಟಿನ ಮಾಲಕ, ಅಡುಗೆಯವರ ಬುಟ್ಟಿಯೊಂದನ್ನು ಎತ್ತಿಕೊಂಡು ಓಡಿದ. ಐದು ನಿಮಿಷದಲ್ಲಿ ಹುಡುಗನ ಕಡೆಯ ಅರ್ಧ ಜನ ಗದ್ದೆಯಲ್ಲಿದ್ದರು. ರೇಷ್ಮೆ ಶಲ್ಯ ಬಲೆಯಾಯಿತು.

ಸಾಲ್ಯಾನರು ಹಿಂಬಾಗಿಲಿನ ಹೊಸ್ತಿಲಿನವರೆಗೆ ಹೋಗಿದ್ದರು. "ವಿಠಲರೇ" ಎಂದು ಒಳಗಿನಿಂದ ಭಟ್ಟರ ದನಿ ಬಂತು. "ಲಗ್ನ ಹತ್ತಿರ ಬಂತು. ಹೆಣ್ಣಿನ ತಂದೆ ಕೂತುಕೊಳ್ಳಬೇಕು."

ಅವರು ಬಂದು ಕೂತರು. ಕೈಯಲ್ಲಿ ವೀಳ್ಯದೆಲೆ ಅಡಕೆಯ ಹರಿವಾಣ. ಕಿಟಕಿಯಿಂದ ಗದ್ದೆ ಕಾಣುತ್ತಿತ್ತು. ಎದುರಿನ ಮಣೆ ಖಾಲಿ.

"ಗಂಡಿನ ತಂದೆ ಎಲ್ಲಿ?" ಭಟ್ಟರು ಕೇಳಿದರು.

ಪ್ರತೀಕ್ ಮುಜುಗರದಿಂದ ಕಿಟಕಿ ತೋರಿಸಿದ. ಲೀಲಾಧರ ಕುಂದರರು ಗದ್ದೆಯ ನಡುವೆ, ಜರಿಯಂಚಿನ ಪಂಚೆ ಸೊಂಟಕ್ಕೆ ಕಟ್ಟಿ, ಎರಡೂ ಕೈಯಲ್ಲಿ ಒಂದು ಮುಗುಡನ್ನು ಎದೆಗೆ ಒತ್ತಿ ಹಿಡಿದು ಏನೋ ಗಟ್ಟಿಯಾಗಿ ಕೂಗುತ್ತಿದ್ದರು. ತನ್ನ ತಂದೆ ಕೂಗಿದ್ದನ್ನು ಪ್ರತೀಕ್ ಜನ್ಮದಲ್ಲಿ ಕೇಳಿರಲಿಲ್ಲ. ಅವರನ್ನು ಕರೆತರಲು ಹೋದವನು ಬರಲಿಲ್ಲ. ಎರಡನೆಯವನೂ ಬರಲಿಲ್ಲ. ಕೊನೆಗೆ ಕುಂದರರ ಹೆಂಡತಿ ಕೊಡೆ ಹಿಡಿದು ಹೋಗಿ ಕರೆತಂದರು. ಕೆಸರು ಕಾಲಿನಲ್ಲೇ ಅವರು ಮಣೆಯ ಮೇಲೆ ಕೂತರು. ಭಟ್ಟರು ಉತ್ತರೀಯದ ತುದಿಯನ್ನು ಮೂಗಿಗೆ ಹಿಡಿದುಕೊಂಡೇ ಮಂತ್ರ ಹೇಳಿದರು. ಹರಿವಾಣ ಬದಲಾಯಿತು, ಉಂಗುರ ಬದಲಾಯಿತು. ಹನ್ನೊಂದು ಮೂವತ್ತೆಂಟಕ್ಕೆ ಆಶ್ರಿತಾಳ ನಿಶ್ಚಯವಾಯಿತು. ಹನ್ನೊಂದು ನಲವತ್ತಕ್ಕೆ ಸಾಲ್ಯಾನರು ಹಿಂಬಾಗಿಲಿಗೆ ಓಡಿದರು. ಮೀನು ಆಗಲೇ ಇಳಿದು ಹೋಗಿತ್ತು. ಜನ ಕಾಲು ತೊಳೆಯುತ್ತಿದ್ದರು.

ಮೂರು ಬಕೆಟ್ ತುಂಬಿತ್ತು. ವಲೇರಿಯನ್ ಖುಷಿಯಲ್ಲಿದ್ದ. ಎಲ್ಲರೆದುರು ಸಾಲ್ಯಾನರ ಬೆನ್ನು ತಟ್ಟಿ, "ಬೇಜಾರು ಮಾಡಬೇಡ ಮಾರಾಯ, ನಿನ್ನ ಎಂಟನೇ ತಾರೀಕು ಬಾಕಿ ಉಂಟಲ್ಲ. ಅದಕ್ಕೇ ಅಲ್ವಾ ಇದನ್ನು ಒಂದಕ್ಕೆ ತಂದದ್ದು" ಎಂದ.

ಕಾಲು ತೊಳೆಯುತ್ತಿದ್ದವರು ತಿರುಗಿ ನೋಡಿದರು.

"ಎಂಟಕ್ಕೆ ಎಂತ ಉಂಟು ಅಪ್ಪ?" ಆಶ್ರಿತಾ ಕೇಳಿದಳು.

ಸಾಲ್ಯಾನರು ಒಮ್ಮೆ ಕುಶಲಾರನ್ನು, ಒಮ್ಮೆ ಭಟ್ಟರನ್ನು ನೋಡಿದರು. ಎಲ್ಲ ಹೇಳಿದರು. ಹಸಿರು, ಕೆಂಪು, ಸುಭಾಷಿಣಿಯ ಸೊಸೆಯ ಸೀಮಂತ, ಪಡುಬಿದ್ರಿಯ ಮೆಹೆಂದಿ, ಯಾವುದನ್ನೂ ಬಿಡಲಿಲ್ಲ.

"ನನ್ನ ನಿಶ್ಚಿತಾರ್ಥವನ್ನು ಮೀನಿಗೋಸ್ಕರ ಬದಲು ಮಾಡಿದ್ದಾ?"

"ಹೌದು ಮಗಾ. ತಪ್ಪಾಯಿತು."

ಅವಳ ಕಣ್ಣು ತುಂಬಿತು, ಆಮೇಲೆ ಮಾವನಾಗುವವರ ಪಂಚೆಯ ಮೇಲೆ ಬಿತ್ತು. ಅದು ಸೊಂಟದಿಂದ ಕೆಳಗೆ ಗದ್ದೆಯ ಬಣ್ಣವಾಗಿತ್ತು, ಮಡಿಲಿನಲ್ಲಿ ಇನ್ನೂ ಒಂದು ಮೀನು ಮಿಸುಕುತ್ತಿತ್ತು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ನಗು ತಡೆಯಲಾಗದೆ ಪ್ರತೀಕನ ಹೆಗಲಿಗೆ ಒರಗಿದಳು. ಅನಂತೇಶ ಭಟ್ಟರು ನಗಲಿಲ್ಲ. "ಒಟ್ಟು ನನ್ನಲ್ಲಿ ಕೇಳಿದ ತಿಥಿಯೆಲ್ಲ ಮುಗುಡಿಗೆ" ಎಂದು ಮೆಲ್ಲಗೆ ಹೇಳಿ ದಕ್ಷಿಣೆಯ ತೆಂಗಿನಕಾಯಿಯನ್ನು ಚೀಲಕ್ಕೆ ಹಾಕಿಕೊಂಡರು.

ಕುಂದರರು ಸಾಲ್ಯಾನರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಎಂಟಕ್ಕೆ ನಾನೂ ಬರಬಹುದಾ?"

ಎಂಟಕ್ಕೆ ಮಳೆ ಬಿಡುವು ಕೊಟ್ಟಿತು. ಕಾರ್ಕಳದ ಆಕಾಶದಲ್ಲಿ ಅಂಗೈ ಅಗಲದ ಮೋಡವೂ ಇರಲಿಲ್ಲ. ಸಾಲ್ಯಾನರು, ಕುಂದರರು, ವಲೇರಿಯನ್ ಮೂವರೂ ಏಳು ಗಂಟೆಗೇ ಹೊಳೆಬದಿಯಲ್ಲಿ ಕೂತರು. ಸಾಲ್ಯಾನರು ಒತ್ತಡ ನೋಡಿದರು, ನೀರಿನ ಬಿಸಿ ನೋಡಿದರು, ಎಲ್ಲ ಬರೆದುಕೊಂಡರು. ಹತ್ತಾದರೂ ಯಾರ ಗಾಳವೂ ಅಲುಗಲಿಲ್ಲ. ಕುಂದರರು ಮಾತಾಡಲು ಶುರುಮಾಡಿದ್ದರು. ಅಜ್ಜ ಬೀಡಿನಗುಡ್ಡೆಯ ಕೆರೆಯಲ್ಲಿ ಗಾಳ ಹಾಕುತ್ತಿದ್ದದ್ದು, ಮಣಿಪಾಲಕ್ಕೆ ಹೋದ ಮೇಲೆ ಅದೆಲ್ಲ ಬಿಟ್ಟು ಹೋದದ್ದು, ಪ್ರತೀಕ್ ಚಿಕ್ಕವನಿದ್ದಾಗ ಸ್ನಾನದ ಬಕೆಟಿನಲ್ಲಿ ಮೀನು ಸಾಕಿದ್ದು. ವಲೇರಿಯನ್ನನ ಹೆಂಡತಿ ಶಾರ್ಲೆಟ್ ಕಳಿಸಿದ ಸಣ್ಣ ಎನ್ನುವ ಅಕ್ಕಿಯ ಇಡ್ಲಿಗಳನ್ನು ತಿಂದ ಮೇಲೆ ಕುಂದರರು ಟೊಪ್ಪಿಯನ್ನು ಮುಖದ ಮೇಲೆ ಎಳೆದುಕೊಂಡು ಮಡಚುವ ಕುರ್ಚಿಯಲ್ಲಿ ನಿದ್ದೆಹೋದರು.

ಹನ್ನೆರಡಕ್ಕೆ ಅವರ ಗಾಳದ ಬೆಂಡು ಒಮ್ಮೆ ಮುಳುಗಿ ಎದ್ದಿತು. ಮತ್ತೆ ಮುಳುಗಿತು, ಏಳಲಿಲ್ಲ. ಕೋಲು ಬಾಗಿ ಕುರ್ಚಿಯ ಕಾಲಿಗೆ ತಾಗಿತು. ವಲೇರಿಯನ್ ಬಲೆ ತರಲು ಮೇಲೆ ಓಡಿದ. ಸಾಲ್ಯಾನರು ಕೋಲನ್ನು ಎತ್ತಿ ಹಿಡಿದರು. ಆ ತುದಿಯಲ್ಲಿದ್ದದ್ದು ಮುಗುಡಲ್ಲ, ಅಷ್ಟು ಭಾರದ ಮೀನು ಅವರ ಕೈಗೆ ಇವತ್ತಿನವರೆಗೆ ಬಂದಿರಲಿಲ್ಲ. ಪಕ್ಕದಲ್ಲಿ ಕುಂದರರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಸಾಲ್ಯಾನರು ಎರಡು ಸುತ್ತು ದಾರ ಎಳೆದರು, ಮೂರನೆಯದನ್ನೂ ಎಳೆದರು. ಆಮೇಲೆ ಕಾಲಿನಿಂದ ಕುರ್ಚಿಯನ್ನು ಒದ್ದರು.

"ಬೀಗರೇ, ಏಳಿ. ನಿಮ್ಮದಕ್ಕೆ ಬಿದ್ದಿದೆ" ಎಂದು ಕೋಲನ್ನು ಅವರ ಕೈಗೆ ಕೊಟ್ಟರು.