ಬಲಕ್ಕೊಂದು ತಿರುವು

ಮತ್ತೆ ಕಂಬ ಬಂತು, ಖಟಖಟ ಅಂತ ಲಿಫ್ಟಿನ ತಂತಿಗೆ ಜೋತ ಕುರ್ಚಿ ಕುಲುಕಿತು, ಮಂಡಿಗೆ ಗೊತ್ತಾಯಿತು, ನೋಯಲಿಲ್ಲ, ನೋಯಲಿಲ್ಲ ತಾನೇ ಅಂತ ನಾನೇ ಅದನ್ನು ಕೇಳುತ್ತೇನೆ, ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ವಾಂತಿ ಬರ್ತಿದೆಯಾ ಅಂತ ನಿಮಿಷಕ್ಕೊಮ್ಮೆ ಕೇಳುವ ತಾಯಿಯ ಹಾಗೆ, ಇಲ್ಲ, ಸುಮ್ಮನಿದೆ, ಬೂಟಿನ ಭಾರ ಸ್ಕೀಯ ಭಾರ ಎರಡನ್ನೂ ಹೊತ್ತುಕೊಂಡು ಗಾಳಿಯಲ್ಲಿ ಜೋತಾಡುತ್ತಿದೆ ನನ್ನ ಎಡಗಾಲು, ಬಲಗಾಲಿನ ಪಕ್ಕದಲ್ಲಿ, ಏನೂ ಆಗಿಲ್ಲದವರ ಹಾಗೆ. ಕೆಳಗೆ ಫರ್ ಮರಗಳ ತಲೆ, ಇನ್ನೂ ಕೆಳಗೆ ಹಿಮದ ಮೇಲೆ ಯಾವುದೋ ಮೊಲ ಓಡಿಹೋದ ಗುರುತು, ಪಕ್ಕದಲ್ಲಿ ಫಾದರ್ ಲೋವ್ರೆಂತ್ಸ್, ಗ್ಲೋವ್ಸಿನ ಹಿಂಬದಿಯಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದಾರೆ, ಭಾನುವಾರದ ಬಲಿಪೂಜೆಯಲ್ಲಿ ಅದೇ ಕೈ ಎಷ್ಟು ಗಂಭೀರವಾಗಿ ಮೇಲೇಳುತ್ತದೆ, ಇಲ್ಲಿ ನೋಡಿದರೆ ಹಳದಿ ಟೊಪ್ಪಿ, ಟೊಪ್ಪಿಗೊಂದು ಉಣ್ಣೆಯ ಚೆಂಡು. ಏನು ನಗ್ತೀಯ ಅಂದರು. ನಗ್ತಿಲ್ಲ ಫಾದರ್, ಚಳಿಗೆ ಹಲ್ಲು ಕಾಣ್ತಿದೆ. ಹೆದರಿಕೆನಾ? ಇಲ್ಲ. ಪಾದ್ರಿ ಮುಂದೆ ಸುಳ್ಳು ಹೇಳಬಾರದಮ್ಮ, ನನಗಂತೂ ಹೆದರಿಕೆ ಆಗ್ತಿದೆ, ಮೇಲೆ ಹೋದ ಮೇಲೆ ಇದೇ ಕುರ್ಚಿಯಲ್ಲಿ ಕೂತು ಕೆಳಗೆ ಬಂದುಬಿಡೋಣವಾ? ಬಂದುಬಿಡೋಣ ಅಂತಲೇ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ, ಏಕೆಂದರೆ ಒಂದು ವರ್ಷದಿಂದ ನಾನು ಮಲಗಿದ್ದು ಎದ್ದದ್ದು ಅತ್ತದ್ದು ಬೆವರಿದ್ದು ಎಲ್ಲಾ ಈ ಗುಡ್ಡದಿಂದ ಒಂದು ಸಲ ನನ್ನ ಕಾಲ ಮೇಲೆ ಇಳಿಯುವುದಕ್ಕೆ.

ಮಂಡಿ ಹರಿದದ್ದಾದರೂ ಎಂಥಾ ಹೊತ್ತಿನಲ್ಲಿ, ಬಿದ್ದು ಸೋತಿದ್ದರೆ ಹೇಳಿಕೊಳ್ಳೋಕೆ ಒಂದು ಮರ್ಯಾದೆ ಇರುತ್ತಿತ್ತು, ನಾನು ಗೆದ್ದ ಮೇಲೆ ಬಿದ್ದವಳು, ರಾಷ್ಟ್ರದ ಪಂದ್ಯ, ಇಳಿಜಾರಿನಲ್ಲಿ ನೆಟ್ಟ ಕೋಲುಗಳ ಕೊನೆಯ ಬಾಗಿಲು ದಾಟಿಯಾಗಿತ್ತು, ಗೆರೆ ದಾಟಿಯಾಗಿತ್ತು, ಹಲಗೆಯ ಮೇಲೆ ನನ್ನ ಹೆಸರು ಮೂರನೆಯದಾಗಿ ಹೊಳೆಯುತ್ತಿತ್ತು, ಪೊಲೋನಾ ಮೂರನೆಯವಳು ಅಂತ ಮೈಕಿನವನು ಕೂಗುತ್ತಿದ್ದ, ಅಷ್ಟರಲ್ಲಿ ಬೇಲಿಯ ಪಕ್ಕ ಅಮ್ಮ ಕಂಡಳು. ಅಮ್ಮ, ಪಂದ್ಯಕ್ಕೆ! ಹೋಟೆಲಿನ ಅಡಿಗೆಮನೆ ಬಿಟ್ಟು ಎಂದೂ ಬಾರದವಳು, ಶನಿವಾರ ಅಂದರೆ ಮೂವತ್ತು ಜನರ ಊಟ ಕಣೇ ಅನ್ನುವವಳು, ಕೋಟಿನ ಕೆಳಗೆ ಹಿಟ್ಟು ಮೆತ್ತಿದ ಏಪ್ರನ್ ಇಣುಕುತ್ತಿತ್ತು, ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದಳು, ನಾನೂ ಕೈ ಬೀಸಿದೆ, ಸ್ಕೀ ಅಡ್ಡ ತಿರುಗಿಸಿ ನಿಲ್ಲಿಸುತ್ತಾ ಕೈ ಬೀಸಿದೆ, ಅಷ್ಟೇ, ಎಡ ಸ್ಕೀಯ ಅಂಚು ಮಂಜುಗಡ್ಡೆಗೆ ಕಚ್ಚಿಕೊಂಡಿತು, ಮೈ ಮುಂದೆ ಹೋಯಿತು ಕಾಲು ಬರಲಿಲ್ಲ, ಟಪ್ — ಬಾಟಲಿಯ ಬಿರಟೆ ಎದ್ದ ಹಾಗೆ ಶಬ್ದ, ಯಾರೋ ಶಾಂಪೇನ್ ಒಡೆದರು ಅಂತ ನಿಜವಾಗಿಯೂ ಅಂದುಕೊಂಡೆ, ಆಮೇಲೆ ಗೊತ್ತಾಯಿತು ಅದು ನನ್ನೊಳಗಿಂದ ಬಂದದ್ದು ಅಂತ. ಪದಕ ಆಸ್ಪತ್ರೆಗೆ ಬಂತು, ಊದಿದ ಮಂಡಿಯ ಮೇಲಿನ ಐಸಿನ ಚೀಲದ ಮೇಲೇ ಇಟ್ಟರು. ಒಳಗಿನ ಲಿಗಮೆಂಟು ಪೂರ್ತಿ ಹೋಗಿದೆ, ತೊಡೆಯ ಹಿಂದಿನಿಂದ ನಿನ್ನದೇ ಒಂದು ಸ್ನಾಯುವಿನ ಎಳೆ ತೆಗೆದು ಹೊಸದು ಕಟ್ತೀವಿ ಅಂದರು ಡಾಕ್ಟರು, ಹರಿದ ಅಂಗಿಗೆ ಅದೇ ಅಂಗಿಯ ಮಡಿಕೆಯಿಂದ ಬಟ್ಟೆ ತೆಗೆದು ತೇಪೆ ಹಾಕಿದ ಹಾಗೆ. ಅಮ್ಮ ಬಾಗಿಲ ಹತ್ತಿರ ನಿಂತಿದ್ದಳು. ನಾನು ಬರಬಾರದಿತ್ತು ಅಂತ ಒಂದೇ ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ, ಬದಲಿಗೆ ಅಡಿಗೆ ಮಾಡಿದಳು, ಹುರುಳಿಕಾಯಿ ಬೀಜದ ಸೂಪು, ಮೂಳೆ ಬೇಯಿಸಿದ ನೀರು, ಅಕ್ರೋಟು ತುಂಬಿ ಸುತ್ತಿದ ಪೋತಿತ್ಸಾ ರೊಟ್ಟಿ, ಕ್ರಿಸ್‌ಮಸ್ಸಿಗೆ ಈಸ್ಟರಿಗೆ ಮಾಡುವುದನ್ನು ವಾರವಾರವೂ ಮಾಡಿದಳು, ತಿನ್ನು ತಿನ್ನು ಅಂತ ನನ್ನ ಮುಖ ನೋಡದೆ ತಟ್ಟೆ ಮುಂದೆ ತಳ್ಳಿದಳು, ಅಮ್ಮಾ ನಿನ್ನಿಂದ ಆದದ್ದಲ್ಲ ಅಂದರೆ ಯಾವುದು ಅಂತ ಕೇಳಿ ಒಲೆಯ ಕಡೆ ತಿರುಗಿದಳು.

ಇನ್ನೊಂದು ಕಂಬ, ಖಟಖಟ, ಫಾದರ್ ಈಗ ಜೇಬಿನಿಂದ ಏನೋ ತೆಗೆದು ಅಗಿಯುತ್ತಿದ್ದಾರೆ, ಒಣಗಿಸಿದ ಪೇರ್ ಹಣ್ಣು, ನನಗೂ ಒಂದು ತುಂಡು ಕೊಟ್ಟರು, ಗ್ಲೋವ್ಸಿನ ಉಣ್ಣೆ ಅಂಟಿದೆ, ಸಿಹಿಯಾಗಿದೆ. ಇವರನ್ನು ಮೊದಲು ನೋಡಿದ್ದು ಬಿಸಿನೀರ ಬುಗ್ಗೆಯ ಚಿಕಿತ್ಸಾಲಯದಲ್ಲಿ, ಹೂವಿನ ಟೊಪ್ಪಿ ಹಾಕಿದ ಅಜ್ಜಿಯರೆಲ್ಲ ಕುತ್ತಿಗೆಮಟ್ಟ ಮುಳುಗಿಕೊಂಡು ಸೊಸೆಯರನ್ನು ಬೈಯುವ ಕೊಳ, ಅದರ ಮಧ್ಯೆ ಒಬ್ಬ ದಪ್ಪ ಗಂಡಸು ಚಡ್ಡಿಯಲ್ಲಿ ಒಂದೇ ಕಾಲಮೇಲೆ ನಿಲ್ಲಲು ನೋಡುತ್ತಿದ್ದರು, ಬಿದ್ದರು, ಎದ್ದರು, ಕ್ಷಮಿಸಿ ಅಂದರು ಅಜ್ಜಿಗೆ, ಅಜ್ಜಿ ಪರವಾಗಿಲ್ಲ ಫಾದರ್ ಅಂದಾಗಲೇ ನನಗೆ ಗೊತ್ತಾದದ್ದು. ನಿಮ್ಮ ಮಂಡಿಗೆ ಹೇಗಾಯಿತು ಅಂತ ಕೇಳಿದೆ. ಪಾದ್ರಿಗಳ ಸ್ಕೀ ಪಂದ್ಯ ಅಂದರು. ಪಾದ್ರಿಗಳಿಗೂ ಪಂದ್ಯ ಇರುತ್ತಾ? ಇರುತ್ತೆ ಮಗಾ, ಅದರಲ್ಲಿ ಅಸೂಯೆಯೂ ಇರುತ್ತೆ, ಮುಂದೆ ಒಬ್ಬ ಸಂನ್ಯಾಸಿ ಹೋಗ್ತಿದ್ದ, ಬಡತನದ ವ್ರತ ತಗೊಂಡೋನು, ಸ್ಕೀ ಮಾತ್ರ ಫಳಫಳ ಹೊಸದು, ಅವನನ್ನ ಹಿಂದೆ ಹಾಕೋಕೆ ಹೋದೆ, ದೇವರು ನೋಡ್ತಿದ್ದ. ಈ ವಯಸ್ಸಲ್ಲಿ ಆಪರೇಷನ್ ಯಾಕೆ ಅಂತ ಡಾಕ್ಟರು ಕೇಳಿದರಂತೆ, ಆ ಸಂನ್ಯಾಸಿ ಇನ್ನೂ ಬದುಕಿದಾನಲ್ಲ ಅಂದರಂತೆ ಇವರು. ನಮ್ಮಿಬ್ಬರನ್ನೂ ಹಿಂಡಿದ್ದು ಬ್ರೆಡಾ, ನಮ್ಮ ವ್ಯಾಯಾಮದ ಯಜಮಾನಿ, ಮೋಟು ಕೂದಲು, ಹಿಟ್ಟು ನಾದುವವರ ಕೈ, ಹಿಮ್ಮಡಿ ಎಳಿ, ಇನ್ನೂ ಎಳಿ, ಅಳೋದಾದ್ರೆ ಅಳು, ಆದ್ರೆ ಮಡಚ್ತಾ ಅಳು. ತಾಯಿ ಸ್ವಲ್ಪ ಕರುಣೆ ಇರಲಿ ಅಂತ ಫಾದರ್, ಕರುಣೆ ನಿಮ್ಮ ಇಲಾಖೆ ಫಾದರ್, ನಂದು ಮಂಡಿ ಅಂತ ಬ್ರೆಡಾ. ನನ್ನ ಎಡತೊಡೆ ಕೋಳಿಕಾಲಿನಷ್ಟಾಗಿತ್ತು, ಕನ್ನಡಿಯಲ್ಲಿ ನೋಡಿದರೆ ಇಬ್ಬರು ಬೇರೆಬೇರೆ ಹೆಂಗಸರ ಕಾಲು ತಂದು ಒಬ್ಬಳಿಗೆ ಸೇರಿಸಿದ ಹಾಗೆ, ವ್ಯಾಯಾಮದ ಸೈಕಲ್ ಹತ್ತಿಸಿದರೆ ಪೆಡಲು ಅರ್ಧ ಸುತ್ತು ಹೋಗಿ ಅಲ್ಲೇ ನಿಲ್ಲುತ್ತಿತ್ತು, ಮುಂದೆ ಅರ್ಧ ಹಿಂದೆ ಅರ್ಧ, ಗೋಡೆ ಗಡಿಯಾರದ ಲೋಲಕದ ಹಾಗೆ ನಾನೊಂದರ ಮೇಲೆ ಫಾದರ್ ಒಂದರ ಮೇಲೆ, ಯಾರು ಮೊದಲು ಪೂರ್ತಿ ಸುತ್ತು ತುಳಿಯುತ್ತಾರೋ ಅವರಿಗೆ ಅಮ್ಮ ಕಳಿಸುವ ಪೋತಿತ್ಸಾದಲ್ಲಿ ಇನ್ನೊಬ್ಬರ ಪಾಲು ಅಂತ ಪಂಥ, ಒಂದು ಮಧ್ಯಾಹ್ನ ಮಳೆ ಬರುತ್ತಿತ್ತು, ಹಲ್ಲು ಕಚ್ಚಿ ಸೊಂಟ ಎತ್ತಿ ಒತ್ತಿದೆ, ಮೇಲಿನ ಆ ಹಾಳು ತುದಿ ದಾಟಿಹೋಯಿತು, ಸುತ್ತಿತು, ಪೂರ್ತಿ ಸುತ್ತಿತು, ಇನ್ನೊಂದು ಸುತ್ತು, ನಾನು ಕಿರುಚಿದ್ದಕ್ಕೆ ಕೊಳದ ಅಜ್ಜಿಯರು ಒದ್ದೆ ಟೊಪ್ಪಿಯಲ್ಲೇ ಓಡಿಬಂದರು, ಚಪ್ಪಾಳೆ, ಫಾದರ್ ಮಾತ್ರ ಪೆಡಲು ನೋಡಿಕೊಂಡು, ಸೈಕಲ್ಲಿನ ದೋಷ ಅಂದರು, ಪೋತಿತ್ಸಾ ಕೊಡಲೂ ಇಲ್ಲ, ಕೇಳಿದರೆ ಉಪವಾಸದ ತಿಂಗಳು ಮಗಾ, ನಿನ್ನ ಆತ್ಮಕ್ಕೋಸ್ಕರ ನಾನೇ ತಿಂದೆ.

ಕಾಲು ಬಂತು, ಬಲ ಬಂತು, ಬೇಸಿಗೆಯಲ್ಲಿ ಗುಡ್ಡ ಹತ್ತಿದೆ, ಶರತ್ಕಾಲದಲ್ಲಿ ಓಡಿದೆ, ಒಂದೇ ಕಾಲಲ್ಲಿ ಕುಪ್ಪಳಿಸಿ ತೋರಿಸಿದೆ, ಮಂಡಿ ಸರಿಯಾಗಿದೆ, ಇನ್ನು ತಲೆ ಸರಿಯಾಗಬೇಕು ಅಂದರು ಡಾಕ್ಟರು, ತಮಾಷೆಗಲ್ಲ. ಮೊದಲ ಹಿಮ ಬಿತ್ತು, ಎಲ್ಲರೂ ಹೋದರು, ನಾನು ಇವತ್ತು ಗಾಳಿ, ನಾಳೆ ಮಂಜು, ನಾಡಿದ್ದು ಜನ ಜಾಸ್ತಿ ಅಂತ ತಳ್ಳಿದೆ, ತರಬೇತುದಾರರು ಫೋನ್ ಮಾಡಿ ನಿನ್ನ ಜಾಗ ಇದೆ, ಆದರೆ ಎಷ್ಟು ದಿನ ಅಂತ ಇಟ್ಟಿರಲಿ ಅಂದರು, ನೋಡ್ತೀನಿ ಅಂದೆ, ಕೊನೆಗೆ ಫಾದರೇ ನಿನ್ನೆ ಪೂಜೆ ಮುಗಿಸಿ ಬಾಗಿಲಲ್ಲಿ ಎಲ್ಲರ ಎದುರಿಗೆ, ನಾಳೆ ಒಂಬತ್ತಕ್ಕೆ ಲಿಫ್ಟಿನ ಹತ್ತಿರ, ಬರದಿದ್ರೆ ಮುಂದಿನ ವಾರದ ಪ್ರವಚನ ನಿನ್ನ ಮೇಲೆ. ಬೆಳಿಗ್ಗೆ ಅಮ್ಮ ಅಡಿಗೆಮನೆಯಲ್ಲಿ, ಬೆನ್ನು ನನ್ನ ಕಡೆ, ಹಿಟ್ಟು ಲಟ್ಟಿಸುತ್ತಿದ್ದಳು, ಹೊರಟೆ ಅಂದೆ, ಹೂಂ ಅಂದಳು, ಬಾಗಿಲು ತೆಗೆದೆ, ಪೊಲೋನಾ ಅಂದಳು, ಏನಮ್ಮಾ, ಲಟ್ಟಣಿಗೆ ನಿಂತಿತು, ತಿರುಗಿದಳು, ಮೂಗಿನ ಮೇಲೆ ಹಿಟ್ಟು, ಏನೂ ಇಲ್ಲ, ಯಾರಾದ್ರೂ ಕಂಡ್ರೆ ಕೈ ಮಾತ್ರ ಬೀಸಬೇಡ. ಆಮೇಲೆ ಅವಳಿಗೆ ನಗು ಬಂತು, ನನಗೂ ಬಂತು, ಮೇಜು ಹಿಡಿದುಕೊಂಡು ನಕ್ಕಳು ಅಮ್ಮ, ಕಣ್ಣೀರು ಬರುವವರೆಗೆ, ನಾನೇ ಬಂದು ಕೆಡಿಸಿದೆನಲ್ಲೇ ಅಂತ ನಗುತ್ತಲೇ ಅಂದಳು, ಒಂದು ವರ್ಷ ಒಳಗಿಟ್ಟುಕೊಂಡದ್ದು ನಗುವಿನ ಜೊತೆ ಜಾರಿ ಹೊರಗೆ ಬಿತ್ತು, ನಾನು ತಬ್ಬಿಕೊಂಡೆ, ನೀನು ಬಂದಿದ್ದಕ್ಕೆ ಮೂರನೆಯವಳಾದೆ ಅಂತ ಸುಳ್ಳೇ ಅಂದೆ, ನನ್ನ ಕರಿಯ ಜಾಕೀಟಿನ ಬೆನ್ನ ಮೇಲೆ ಅವಳ ಹತ್ತೂ ಬೆರಳು ಈಗಲೂ ಬಿಳಿಯಾಗಿ ಇವೆಯಂತೆ, ಲಿಫ್ಟಿನ ಸಾಲಲ್ಲಿ ಫಾದರ್ ಹೇಳಿದರು.

ತುದಿ ಬಂತು, ಅಡ್ಡಕಂಬಿ ಎತ್ತಿ, ಸ್ಕೀಯ ಮೂತಿ ಎತ್ತಿ, ಏಳು, ಎದ್ದೆ, ಜಾರಿದೆ, ಅಯ್ಯೋ ಜಾರುತ್ತಿದ್ದೇನೆ, ಸ್ಕೀ ಕೆಳಗೆ ಹಿಮ ಕಿರ್ ಅನ್ನುತ್ತಿದೆ, ಈ ಶಬ್ದ ಎಷ್ಟು ಹಳೆಯದು, ಮಾತು ಕಲಿಯುವ ಮುಂಚೆ ಕೇಳಿದ್ದು. ಬಿಸಿಲು, ರಾತ್ರಿಯಿಡೀ ಯಂತ್ರ ಬಾಚಿ ಹೋದ ಇಳಿಜಾರು, ಬಾಚಣಿಗೆಯ ಗೆರೆಗಳು ಇನ್ನೂ ಮುರಿದಿಲ್ಲ. ನೀವು ಮೊದಲು ಅಂದೆ, ಇಲ್ಲ ಚಾಂಪಿಯನ್ನರು ಮೊದಲು ಅಂದರು, ಕೊನೆಗೆ ಅವರೇ ಹೊರಟರು, ಹಳದಿ ಟೊಪ್ಪಿ ಸಣ್ಣದಾಗುತ್ತಾ ಹೋಯಿತು, ನಾನು ಎರಡೂ ಸ್ಕೀ ಮೂತಿ ಕೂಡಿಸಿ ನೇಗಿಲಿನ ಹಾಗೆ ಮಾಡಿಕೊಂಡು, ಮೂರು ವರ್ಷದ ಮಕ್ಕಳು ಕಲಿಯುವ ಹಾಗೆ, ಕುಂಡೆ ಹಿಂದೆ ಹಾಕಿ, ಇಳಿಯುತ್ತಿದ್ದೇನೆ, ನಾನು, ದೇಶಕ್ಕೆ ಮೂರನೆಯವಳು. ಕೆಂಪು ಸೂಟಿನ ಒಬ್ಬ ಅಜ್ಜಿ ಸುಯ್ ಅಂತ ಪಕ್ಕಕ್ಕೆ ಬಂದು, ಹೆದರಬೇಡಮ್ಮಾ, ಮೊದಲ ವರ್ಷ ಎಲ್ಲರಿಗೂ ಹೀಗೇ, ನಾನು ಕಲಿತದ್ದೇ ಐವತ್ತಕ್ಕೆ ಅಂದು ಸುಯ್ ಅಂತ ಹೋದಳು, ನನಗೆ ನಗು ತಡೆಯಲಾಗಲಿಲ್ಲ, ನಕ್ಕರೆ ಮೈ ಸಡಿಲವಾಗುತ್ತದೆ, ಸಡಿಲವಾದರೆ ಸ್ಕೀ ತಾನೇ ಹೋಗುತ್ತದೆ, ಎಡಕ್ಕೆ ತಿರುಗಿದೆ, ಎಡಕ್ಕೆ ತಿರುಗುವುದು ಸುಲಭ, ಭಾರವೆಲ್ಲ ಹೊರಗಿನ ಕಾಲಿಗೆ, ಬಲಗಾಲಿಗೆ, ಬಲಗಾಲು ಎತ್ತಿನಂಥದ್ದು, ಆದರೆ ಬಲಕ್ಕೆ ತಿರುಗಬೇಕಾದರೆ ಭಾರ ಎಡಗಾಲಿನದು, ಅದು ಬಂದಕೂಡಲೇ ಟಪ್ ಅನ್ನುವುದನ್ನು ಕಿವಿ ಕಾಯುತ್ತದೆ, ಮೈ ಹಿಂದೆ ಸರಿಯುತ್ತದೆ, ನೇಗಿಲು ಹಾಕಿ ತೆವಳಿ ತೆವಳಿ ಹೇಗೋ ಬಲಕ್ಕೆ ಹೊರಳುತ್ತೇನೆ. ಕೆಳಗೆ ಕಾದು ನಿಂತಿದ್ದ ಫಾದರ್ ನೋಡಿಯೇಬಿಟ್ಟರು, ಎಡಕ್ಕೆ ಮಹಾರಾಣಿ, ಬಲಕ್ಕೆ ಗಬ್ಬದ ಹಸು! ಸುಮ್ಮನಿರಿ ಫಾದರ್. ಆ ಕಾಲನ್ನ ಮನೆಯಲ್ಲೇ ಬಿಟ್ಟು ಬರಬೇಕಿತ್ತು, ಅಮ್ಮನಿಗೆ ಹಿಟ್ಟು ತುಳಿದುಕೊಡ್ತಿತ್ತು. ಸುಮ್ಮನಿರೀ ಅಂದೆನಲ್ಲ. ನಗುತ್ತಾ ಹೋದರು, ಇಳಿಜಾರು ಕಡಿದಾಗುವ ಕಡೆ, ಅಲ್ಲಿ ಬಲಗಡೆ ಮರಗಳ ನೆರಳು, ನೆರಳಲ್ಲಿ ಹಿಮ ಗಟ್ಟಿ, ನಾನು ಬೇಕಂತಲೇ ಎಡಗಡೆಯ ಬಿಸಿಲಿನಂಚಿಗೆ ಓರೆಯಾಗಿ ಹೊರಟೆ, ಉದ್ದಕ್ಕೆ, ತಿರುಗುವುದನ್ನು ಮುಂದೆ ಹಾಕುತ್ತಾ.

ಆಗ ಹಳದಿ ಟೊಪ್ಪಿ ಕಾಣಲಿಲ್ಲ. ಧೂಳಿನ ಹಾಗೆ ಹಿಮ ಎದ್ದಿತು, ಬಲಗಡೆ, ಕೆಳಗೆ, ಮರಗಳ ಹತ್ತಿರ, ಹಿಮ ಇಳಿಯಿತು, ಸ್ಕೀ ಒಂದು ಬೇರೆಯಾಗಿ ಬಿದ್ದಿದೆ, ಅವರು ಬೆನ್ನ ಮೇಲೆ, ಅಲುಗಾಡುತ್ತಿಲ್ಲ, ಫಾದರ್ ಅಂದೆ, ಫಾದರ್ ಅಂತ ಕೂಗಿದೆ, ಉತ್ತರವಿಲ್ಲ, ಅರವತ್ತು ದಾಟಿದ ಮಂಡಿ, ಬಿಗಿದು ಕಟ್ಟಿದ ಎಳೆ, ಅಯ್ಯೋ ಮತ್ತೆ ಕೊಳ ಮತ್ತೆ ಬ್ರೆಡಾ ಮತ್ತೆ ಅರ್ಧ ಸುತ್ತು, ಅಷ್ಟರಲ್ಲಿ ನಾನು ಅವರ ಪಕ್ಕದಲ್ಲಿದ್ದೇನೆ, ಕೈ ಊರಿ ಬಗ್ಗಿದ್ದೇನೆ, ಮುಖದ ಮೇಲಿನ ಹಿಮ ಒರೆಸುತ್ತಿದ್ದೇನೆ, ಫಾದರ್ ಎಲ್ಲಿ ನೋವು, ಮಂಡಿನಾ, ಹೇಳಿ. ಕಣ್ಣು ಬಿಟ್ಟರು. ಟೊಪ್ಪಿ ಎಲ್ಲೋಯ್ತು ಅಂದರು. ಟೊಪ್ಪಿ ಸುಡಲಿ, ಮಂಡಿ? ಒಂದು ಕಾಲು ಎತ್ತಿದರು, ಮಡಚಿದರು, ಬ್ರೆಡಾಗೆ ತೋರಿಸುವ ಹಾಗೆ ನಿಧಾನವಾಗಿ, ಬಿಚ್ಚಿದರು, ಎರಡೂ ಜೀವಂತ ಅಂದರು, ನನಗೆ ಅವರನ್ನು ಹೊಡೆಯಬೇಕು ಅನ್ನಿಸಿತು, ಕೂಗಿದ್ದು ಕೇಳಿಸಲಿಲ್ವಾ? ಕೇಳಿಸ್ತು ಮಗಾ, ಆಕಾಶ ಚೆನ್ನಾಗಿತ್ತು, ಮಾತಾಡೋಕೆ ಮನಸ್ಸಾಗಲಿಲ್ಲ. ಕೂತೇಬಿಟ್ಟೆ ಹಿಮದಲ್ಲಿ, ನಗುವೋ ಅಳುವೋ ಏನೋ ಒಂದು. ಫಾದರ್ ಮೊಣಕೈ ಮೇಲೆ ಎದ್ದು ನನ್ನನ್ನೇ ನೋಡಿದರು, ನೀನು ಆ ಕಡೆ ಹೋಗ್ತಿದ್ದೆಯಲ್ಲ, ಈ ಕಡೆ ಹೇಗೆ ಬಂದೆ? ಹೇಗೆ ಅಂದ್ರೆ, ಬಂದೆ. ಅಲ್ಲ, ಹೇಗೆ? ತಿರುಗಿ ಮೇಲೆ ನೋಡಿದೆ. ಬಾಚಿದ ಹಿಮದ ಮೇಲೆ ಎಡಕ್ಕೆ ಹೋಗುತ್ತಿದ್ದ ನನ್ನ ನೇಗಿಲಿನ ಗೀಚು, ಅಗಲ, ಕೊಳಕು, ಅದು ಬಿಸಿಲಿನಲ್ಲಿ ಒಂದು ಕಡೆ ನಿಂತುಹೋಗಿದೆ, ಅಲ್ಲಿಂದ ಆಚೆ ಗೀಚಿಲ್ಲ, ಒಂದು ಗೆರೆ, ಚಾಕುವಿನಲ್ಲಿ ಎಳೆದಷ್ಟು ತೆಳ್ಳಗೆ, ಬಲಕ್ಕೆ ಬಾಗಿ ನೆರಳಿನ ಗಟ್ಟಿ ಹಿಮದ ಮೇಲೂ ಅಲುಗದೆ ನನ್ನ ಬೂಟಿನವರೆಗೆ ಬಂದಿದೆ, ಹೊರಗಿನ ಸ್ಕೀಯದು, ಎಡದ್ದು, ಭಾರವೆಲ್ಲ ಹೊತ್ತದ್ದು, ಯಾರು ಎಳೆದದ್ದು ಇದನ್ನು, ನನಗೆ ನೆನಪೇ ಇಲ್ಲ, ಫಾದರ್ ಏನೋ ಹೇಳುತ್ತಿದ್ದಾರೆ, ಟೊಪ್ಪಿ, ಸಂನ್ಯಾಸಿ, ಏನೋ, ಆ ಗೆರೆ, ಬಿಸಿಲಿಂದ ನೆರಳಿಗೆ, ಒಂದೇ ಎಳೆತ, ಎಲ್ಲೂ ಮುರಿದಿಲ್ಲ, ಎಡಗಾಲಿನದು, ಆ ಗೆರೆ —