ಒಂದೇ ಸಲ ಒತ್ತಿದ ಐದು

ಹೆತ್ತವರಿಗೆ ಹೆಗ್ಗಣ ಮುದ್ದು. ವೆಂಗ್ ಯೂ-ಜೆನ್‌ಗೆ ತಾನು ಬರೆದ ಕೀಪ್ಯಾಡ್ ಡ್ರೈವರ್ ಕೂಡ ಹಾಗೆಯೇ. ಶಿಂಚು ಊರಿನ ಅವಳ ಕಂಪನಿ ಆಸ್ಪತ್ರೆಗಳಿಗೆ ಔಷಧ ಹನಿಸುವ ಪಂಪು ತಯಾರಿಸುತ್ತಿತ್ತು. ನರ್ಸ್ ಒತ್ತಿದ ಗುಂಡಿ ಯಾವುದು, ಎಷ್ಟು ಸಲ ಒತ್ತಿದರು ಎಂದು ಪಂಪಿನ ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುವ ನಾನೂರು ಸಾಲಿನ ಪ್ರೋಗ್ರಾಮು ಅದು, ಅವಳೊಬ್ಬಳೇ ಬರೆದ ಮೊದಲ ಕೆಲಸ. ಪರೀಕ್ಷೆಗಿಟ್ಟ ಯಂತ್ರದ ಬೆರಳು ಮೂರು ಲಕ್ಷ ಸಲ ಒತ್ತಿತ್ತು, ಒಂದೂ ತಪ್ಪಿರಲಿಲ್ಲ. ವರದಿಯ ಮೇಲೆ ಸಹಿಯ ಬದಲಿಗೆ ಅವಳ ಹೆಸರಿನ ಕೆಂಪು ಮೊಹರೂ ಬಿದ್ದಿತ್ತು. ನಾಳೆ ಬೆಳಿಗ್ಗೆ ಮೊದಲ ಐವತ್ತು ಪಂಪು ಹೊರಡಬೇಕು.

ಅವನ್ನು ಬಳಸಲಿರುವ ಆಸ್ಪತ್ರೆಯ ಹೆಡ್ ನರ್ಸ್ ಶೀ ಅಂದು ಮಧ್ಯಾಹ್ನ ಪಂಪು ನೋಡಲು ಬಂದರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಚೀಲದಿಂದ ಕೈಗವಸು ತೆಗೆದು ತೊಟ್ಟುಕೊಂಡರು. ಆಮೇಲೆ ತೋರುಬೆರಳು ಮಡಚಿ, ಗೆಣ್ಣಿನಿಂದ ಐದರ ಗುಂಡಿ ಒತ್ತಿದರು.

"ಅದ್ಯಾಕೆ ಸಿಸ್ಟರ್, ಬಾಗಿಲು ತಟ್ಟಿದ ಹಾಗೆ?" ವಿಭಾಗದ ಮುಖ್ಯಸ್ಥ ಜ್ಯಾನ್ ನಕ್ಕ.

"ಬೆರಳ ತುದಿ ಪೇಶೆಂಟನ್ನ ಮುಟ್ಟಿರತ್ತಲ್ಲ, ಗೆಣ್ಣು ಶುದ್ಧ. ನಮ್ ವಾರ್ಡಲ್ಲಿ ಎಲ್ರೂ ಹಿಂಗೇ."

ಐದು ಬಂತು. ಅಳಿಸಿ ಮತ್ತೆ ಒತ್ತಿದರು. ಏಳನೆಯ ಸಲ ಪರದೆಯ ಮೇಲೆ ಐವತ್ತೈದು ಮೂಡಿತು.

"ಅಯ್ಯೋ, ಎರಡು ಸಲ ಒತ್ಬಿಟ್ಟೆ. ತಪ್ಪು ನಂದೇ, ಕ್ಷಮಿಸಿ," ಎಂದು ಶೀ ತಲೆ ಬಾಗಿಸಿದರು.

"ಪರ್ವಾಗಿಲ್ಲ ಬಿಡಿ. ಕೈ ಪಳಗಿದ್ರೆ ಸರಿಹೋಗತ್ತೆ," ಎಂದ ಜ್ಯಾನ್.

ಯೂ-ಜೆನ್ ಮಾತ್ರ ಆ ಗೆಣ್ಣನ್ನೇ ನೋಡುತ್ತಿದ್ದಳು, ಅದು ಒತ್ತಿದ್ದು ಒಂದೇ ಸಲ. ಗುಂಡಿ ಒತ್ತಿದಾಗ ಒಳಗಿನ ತಗಡು ಒಂದೇ ಏಟಿಗೆ ಕೂರುವುದಿಲ್ಲ, ಅದುರುತ್ತದೆ. ಬಿಟ್ಟಾಗಲೂ ಅಷ್ಟೇ. ಒತ್ತುವಾಗ ಅದುರು ನಿಲ್ಲುವವರೆಗೆ ಕಾಯಬೇಕೆಂದು ಅವಳು ಬರೆದಿದ್ದಳು, ಬಿಡುವಾಗ ಕಾಯಬೇಕೆಂದು ಬರೆದಿರಲಿಲ್ಲ. ಯಂತ್ರದ ಬೆರಳು ನೆಟ್ಟಗೆ ಇಳಿದು ನೆಟ್ಟಗೆ ಏಳುತ್ತಿತ್ತು. ಗೆಣ್ಣು ಹಾಗಲ್ಲ, ಉರುಳಿಕೊಂಡು ಮೇಲೇಳುತ್ತದೆ. ಆಗ ತಗಡು ಒಮ್ಮೆ ಬಿಟ್ಟು ಮತ್ತೆ ತಾಗಿದರೆ, ಇದು ಹೊಸ ಒತ್ತು ಎಂದು ಅವಳ ಮುದ್ದಿನ ಡ್ರೈವರ್ ಲೆಕ್ಕ ಹಾಕುತ್ತದೆ. ಐದು ಹನಿಯ ಜಾಗದಲ್ಲಿ ಐವತ್ತೈದು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರು ಎಲ್ಲ ಊರಲ್ಲೂ ಇದ್ದಾರೆ. ಇಲ್ಲಿ ಎಮ್ಮೆಯೇ ಬರೆಗೆ ಬೆನ್ನು ಕೊಟ್ಟು, ಮೇಲೆ ಕ್ಷಮೆಯನ್ನೂ ಕೇಳಿತ್ತು. ಅದನ್ನು ನೋಡಿ ಯೂ-ಜೆನ್‌ಗೆ ನಾಚಿಕೆಯಾಯಿತು.

"ಸಿಸ್ಟರ್, ನೀವು ಒತ್ತಿದ್ದು ಒಂದೇ ಸಲ. ತಪ್ಪು ನಂದು."

ಜ್ಯಾನ್‌ನ ನಗು ಹಾರಿಹೋಯಿತು. "ಏನಮ್ಮಾ ಇದು, ತಲೆ ಕೆಟ್ಟಿದ್ಯಾ? ನಾಳೆ ಐವತ್ತು ಮಶೀನ್ ಹೋಗ್ಬೇಕು. ಡೈರೆಕ್ಟ್ರಿಗೆ ನಾನೇನ್ ಹೇಳ್ಲಿ?"

"ಯೂ-ಜೆನ್‌ಗೆ ಒತ್ತೋದು ಗೊತ್ತು, ಬಿಡೋದು ಗೊತ್ತಿಲ್ಲ ಅಂತ ಹೇಳಿ ಅಣ್ಣಾ."

ವರದಿ ತೆಗೆದು ತನ್ನ ಮೊಹರಿನ ಮೇಲೆ ಗೀಟು ಎಳೆದಳು. ಗೀಟೆಳೆದವರು ಯಾರೆಂದು ತಿಳಿಯಲು ಪಕ್ಕದಲ್ಲಿ ಮತ್ತೊಮ್ಮೆ ಮೊಹರು ಒತ್ತಬೇಕು, ಅದು ಅಲ್ಲಿಯ ಪದ್ಧತಿ. ಅದನ್ನೂ ಒತ್ತಿದಳು. ಜ್ಯಾನ್ ಗೊಣಗುತ್ತಾ ಫೋನ್ ಮಾಡಲು ಹೊರಗೆ ಹೋದ.

ಶೀ ಕೈಗವಸು ಕಳಚದೆ ಹಾಗೇ ನಿಂತಿದ್ದರು.

"ಒಂದ್ಸಲ ಒತ್ತಿದ್ರೂ ಎರಡು ಬೀಳತ್ತಾ?"

"ಬೀಳ್ಬಹುದು ಸಿಸ್ಟರ್."

"ಬೇರೆ ಪಂಪಲ್ಲೂ?"

"ಅದನ್ನ ನೋಡ್ದೆ ಹೇಳೋಕಾಗಲ್ಲ. ಆದ್ರೆ ಆಗ್ಬಹುದು."

ಶೀ ಕುರ್ಚಿ ಎಳೆದುಕೊಂಡು ಕುಳಿತರು. "ಹೋದ ವರ್ಷ ನಮ್ ಹಳೇ ಪಂಪಲ್ಲಿ ಹಿಂಗೇ ಆಯ್ತು. ಪೇಶೆಂಟ್ ಅಜ್ಜ ಉಳ್ಕೊಂಡ್ರು, ಗುಂಡಿ ಒತ್ತಿದ ನರ್ಸ್ ಹುಡುಗಿ ಕೆಲಸ ಉಳೀಲಿಲ್ಲ. ಒಂದೇ ಸಲ ಒತ್ತಿದ್ದು ಅಂತ ಅಳ್ತಾ ಇದ್ಲು. ತಪ್ಪು ಒಪ್ಕೊಳೋದು ಕಲಿ ಅಂತ ಬೈದೆ. ಅವಳ ಮೇಲಿನ ವರದಿಗೆ ಮೊಹರು ಒತ್ತಿದ್ದು ನಾನೇ."

ಕೈಗವಸು ಕಳಚಿ ಮಡಿಲಲ್ಲಿಟ್ಟುಕೊಂಡು ಮೊಬೈಲ್ ತೆಗೆದರು. ಅತ್ತ ಕಡೆ ಬಹಳ ಹೊತ್ತು ರಿಂಗ್ ಆಯಿತು.

"ಪೇಯ್-ರುಂಗ್? ಫೋನ್ ಇಡ್ಬೇಡ ಮಗಳೇ, ನಾನು ಶೀ. ಅವತ್ತು ನೀನು ಎಷ್ಟು ಸಲ ಒತ್ತಿದ್ದೆ, ಇನ್ನೊಂದ್ಸಲ ಹೇಳು. ಈ ಸಲ ಕೇಳಿಸ್ಕೋತೀನಿ."