ಎರಡಿಂಚು ಬೆಳೆದ ಊರು

ಐವತ್ತೊಂದನೇ ವಯಸ್ಸಿನಲ್ಲಿ ಕಾಲೇಜಿಗೆ ಸೇರ್ತೀನಿ ಅಂದರೆ ಮನೆಯವರು ನಗದೆ ಇನ್ನೇನು ಮಾಡುತ್ತಾರೆ? ನಕ್ಕರು. ರಿಜಿಸ್ಟರ್ ಅಕ್ಕನ ಗಂಡನಂತೂ ಊಟದ ತಟ್ಟೆ ಪಕ್ಕಕ್ಕಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಹಾಗಾದ್ರೆ ಬೆಳಿಗ್ಗೆ ಡಬ್ಬಿ ನಾನು ಕಟ್ಟಿಕೊಡಬೇಕಾ?" ಅಂತ ಕೇಳಿದ. "ಕಟ್ಟಿಕೊಡಿ, ಉಪ್ಪು ಮಾತ್ರ ನೋಡಿ ಹಾಕಿ" ಅಂದಳು ಅಕ್ಕ. ಮಾರನೇ ದಿನ ಹೋಗಿ ಹೆಸರು ಬರೆಸಿಯೇ ಬಂದಳು.

ರಿಜಿಸ್ಟರ್ ಅಕ್ಕ ಅನ್ನೋದು ಅವಳಿಗೆ ಹೆತ್ತವರು ಇಟ್ಟ ಹೆಸರಲ್ಲ ಬಿಡಿ. ಅವಳ ಅಣ್ಣನದೊಂದು ಟೈಲರಿಂಗ್ ಅಂಗಡಿ. ಊರಲ್ಲಿ ಯಾರಿಗೇ ಕೋಟು ಬೇಕಾದರೂ ಅವನ ಕೈಯಲ್ಲೇ ಆಗಬೇಕು, ಹಾಗಾಗಿ ಅವನು ಎಲ್ಲರಿಗೂ ಮಾಸ್ಟರ್. ಮಾಸ್ಟರ್ ಟೇಪು ಹಿಡಿದು ಅಳತೆ ಕೂಗುತ್ತಾನೆ, ತಂಗಿ ಉದ್ದನೆಯ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾಳೆ. ಎದೆ, ಸೊಂಟ, ಭುಜ, ತೋಳು, ಕೊರಳು, ಹೀಗೆ ಹತ್ತಾರು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಹದಿನಾಲ್ಕು ರಿಜಿಸ್ಟರು ತುಂಬಿವೆ. ಊರಿನ ಯಾವ ದೊಡ್ಡಮನುಷ್ಯನ ಹೊಟ್ಟೆ ಯಾವ ವರ್ಷ ಮುಂದೆ ಬಂತು ಅನ್ನೋದು ಅವನ ಹೆಂಡತಿಗಿಂತ ಚೆನ್ನಾಗಿ ಅಕ್ಕನಿಗೆ ಗೊತ್ತು. ಹೊರಗೆ ಮಾತ್ರ ಒಂದು ಸಲವೂ ಬಾಯಿ ಬಿಟ್ಟವಳಲ್ಲ.

ಈಗ ಕಾಲೇಜಿನ ಹುಚ್ಚು ಯಾಕೆ ಹಿಡೀತು ಅಂದರೆ, ಮಾಸ್ಟರ್ ಬಲಗೈ ನಡುಗಲು ಶುರುವಾಗಿತ್ತು. ಟೇಪು ಹಿಡಿಯೋದಕ್ಕೆ ತೊಂದರೆಯಿಲ್ಲ. ಆದರೆ ದಪ್ಪ ಕತ್ತರಿ ಹಿಡಿದರೆ ಗೆರೆ ಒಂದು ಕಡೆ, ಕತ್ತರಿ ಒಂದು ಕಡೆ. ಡಾಕ್ಟರು ಮಾತ್ರೆ ಕೊಟ್ಟು, "ಕತ್ತರಿ ಬಿಡಿ" ಅಂದರು. ಕತ್ತರಿ ಬಿಟ್ಟ ಮೇಲೆ ಅಂಗಡಿಗೆ ಏನು ಕೆಲಸ? ಬಟ್ಟೆ ಕತ್ತರಿಸೋಕೆ ಇನ್ನೊಬ್ಬರ ಕೈಗೆ ಕೊಡೋ ಮನುಷ್ಯ ಅಲ್ಲ ಅವನು. ನೇರವಾಗಿ ಕಟ್ಟಡದ ಯಜಮಾನರ ಹತ್ತಿರ ಹೋಗಿ, ತಿಂಗಳ ಕೊನೆಗೆ ಕೀಲಿ ಕೊಡ್ತೀನಿ ಅಂತ ಹೇಳಿಬಂದ. ಯಜಮಾನರು ಅಷ್ಟರಲ್ಲೇ ಒಬ್ಬ ಮೊಬೈಲ್ ಅಂಗಡಿಯವನನ್ನು ಗೊತ್ತುಮಾಡಿದ್ದೂ ಆಯಿತು.

ಅಕ್ಕ ಲೆಕ್ಕ ಹಾಕಿ ನೋಡಿದಳು. ಮನೆಯಲ್ಲಿ ಅವಳು ಹೇಗೂ ಇದ್ದೇ ಇರುತ್ತಾಳೆ, ಅಡುಗೆಮನೆ ಎಲ್ಲಿಗೂ ಓಡಿಹೋಗಲ್ಲ. ಆದರೆ ಆ ಅಂಗಡಿಯ ಮೂಲೆಯ ಮೇಜು ಇದೆಯಲ್ಲ, ಅದೊಂದು ಮಾತ್ರ ಅವಳದು. ಅದು ಹೋಗಬಾರದು. ಅವಳು ಮನಸ್ಸಿನಲ್ಲೇ ಹೀಗೆ ನೆಟ್ಟಗೆ ಅಂದುಕೊಂಡಳು, ಅಂದುಕೊಂಡ ಮೇಲೆ ಸುಮ್ಮನೆ ಕೂರುವ ಹೆಂಗಸಲ್ಲ.

ಕಾಲೇಜಿನ ಕೋರ್ಸಿನ ಹೆಸರು ‘ವ್ಯಾಪಾರದಲ್ಲಿ ಮಾಹಿತಿ ವ್ಯವಸ್ಥೆ’. ಮಂಗಳವಾರ, ಗುರುವಾರ ಮಧ್ಯಾಹ್ನ ಎರಡೆರಡು ಗಂಟೆ. ಪಾಠ ಮಾಡುವ ಮೇಡಂ ಅಕ್ಕನ ಮಗಳಿಗಿಂತ ಚಿಕ್ಕವಳು. ಮೊದಲ ದಿನ ಅಕ್ಕ ಒಳಗೆ ಬಂದಾಗ ಪಾಠ ಮಾಡೋಕೆ ಬಂದವರು ಇವರೇ ಅಂದುಕೊಂಡು ಇಡೀ ತರಗತಿ ಎದ್ದು ನಿಂತಿತ್ತು. ಅಕ್ಕನೂ ಸಿಕ್ಕಿದ್ದೇ ಚಾನ್ಸು ಅಂತ, "ಕೂತ್ಕೊಳ್ಳಿ ಕೂತ್ಕೊಳ್ಳಿ" ಅಂದು ಹಿಂದಿನ ಬೆಂಚಿಗೆ ಹೋಗಿ ಕೂತಳು.

ಮೇಡಂ ಬೋರ್ಡಿನ ಮೇಲೆ ನಾಲ್ಕು ಮಾತು ಬರೆದಳು: ಜನ, ಕೆಲಸ ಮಾಡುವ ರೀತಿ, ಮಾಹಿತಿ, ಯಂತ್ರ. "ಎಲ್ಲರೂ ಕೊನೇದನ್ನ ಮೊದಲು ಕೊಂಡುಕೊಳ್ತಾರೆ, ಆಮೇಲೆ ಒದ್ದಾಡ್ತಾರೆ" ಅಂದಳು. "ಯಂತ್ರಕ್ಕೆ ನೀವು ಏನು ಕೊಡ್ತೀರೋ ಅದನ್ನೇ ಅದು ನಂಬುತ್ತೆ. ಕಸ ಕೊಟ್ರೆ ಕಸವನ್ನೇ ಚೆಂದ ಮಾಡಿ ವಾಪಸ್ ಕೊಡುತ್ತೆ." ಅಕ್ಕ ಅದನ್ನು ದುಂಡಗೆ ಬರೆದುಕೊಂಡಳು. ಕೋರ್ಸು ಮುಗಿಯುವುದರೊಳಗೆ ಪ್ರತಿಯೊಬ್ಬರೂ ಒಂದು ನಿಜವಾದ ವ್ಯಾಪಾರಕ್ಕೆ ಚಿಕ್ಕದೊಂದು ವ್ಯವಸ್ಥೆ ಮಾಡಿ ತೋರಿಸಬೇಕಿತ್ತು.

ಊರಾಚೆ ಯಂತ್ರದಿಂದ ಬಟ್ಟೆ ಕತ್ತರಿಸಿಕೊಡುವ ಒಂದು ಕಾರ್ಖಾನೆ ಇತ್ತು. ಅಳತೆಗಳನ್ನು ಕಂಪ್ಯೂಟರಿನಲ್ಲಿ ಕಳಿಸಿದರೆ ಸಾಕು, ಕೋಟಿನ ತುಂಡುಗಳು ಕತ್ತರಿಸಿ ಬರುತ್ತಿದ್ದವು. ಅಕ್ಕ ಅಣ್ಣನ ಮುಂದೆ ಕೂತು ಲೆಕ್ಕ ಒಪ್ಪಿಸಿದಳು. "ನೀನು ಅಳತೆ ತೆಗಿ. ನಾನು ಲ್ಯಾಪ್‌ಟಾಪಿಗೆ ಹಾಕಿ ಕಳಿಸ್ತೀನಿ. ಅವರು ಕತ್ತರಿಸ್ತಾರೆ, ನಮ್ಮ ಹೊಲಿಯೋರಿಬ್ಬರು ಹೊಲೀತಾರೆ. ನಿನ್ನ ಕೈ ನಡುಗಿದ್ರೆ ನಡುಗಲಿ ಬಿಡು, ಯಾರಪ್ಪನ ಗಂಟೇನು ಹೋಗುತ್ತೆ?"

ಮಾಸ್ಟರ್ ಕೊರಳಲ್ಲಿದ್ದ ಟೇಪು ತೆಗೆದು ಮೇಜಿನ ಮೇಲಿಟ್ಟ. ಆಮೇಲೆ, "ಒಂದೇ ಆರ್ಡರು" ಅಂದ. "ವಾದ್ಯದವರ ಹದಿನೆಂಟು ಕೋಟು ಇದೆ, ಮುಂದಿನ ವಾರ ಭಾನುವಾರ ಅವರ ಕಛೇರಿ. ಅದನ್ನ ನಿನ್ನ ಯಂತ್ರಕ್ಕೆ ಕೊಡು. ಸರಿಯಾದ್ರೆ ಅಂಗಡಿ ಇರುತ್ತೆ. ಕೆಟ್ರೆ ಕೀಲಿ ಯಜಮಾನರಿಗೆ, ಮತ್ತೆ ನೀನು ಆ ಮಾತು ಎತ್ತಬಾರದು."

ಅಕ್ಕ ಒಪ್ಪಿಕೊಂಡಳು. ವಾದ್ಯದವರು ಬಂದರು, ಅಣ್ಣ ಕೂಗಿದ, ಇವಳು ರಿಜಿಸ್ಟರಿನ ಬದಲು ಲ್ಯಾಪ್‌ಟಾಪಿನಲ್ಲಿ ಬೆರಳಿಂದ ಕುಟ್ಟಿದಳು. ಎರಡೆರಡು ಸಲ ಓದಿ ಹೇಳಿ, ಸರಿಯಿದೆ ಅನ್ನಿಸಿಕೊಂಡ ಮೇಲೆಯೇ ಕಳಿಸಿದ್ದು. ಸೋಮವಾರ ತುಂಡುಗಳು ಬಂದವು. ಹೊಲಿಯುವವರಿಬ್ಬರು ಸೇರಿ ಹದಿನೆಂಟಕ್ಕೂ ಕಚ್ಚಾ ಹೊಲಿಗೆ ಹಾಕಿದರು. ಮಂಗಳವಾರ ಬೆಳಿಗ್ಗೆ ವಾದ್ಯದವರು ತೊಟ್ಟು ನೋಡಲು ಬಂದರು.

ಅಯ್ಯೋ, ಆ ದೃಶ್ಯ ಏನು ಕೇಳ್ತೀರಿ. ಡ್ರಮ್ಮಿನವನ ಕೈಗಳೇ ಕಾಣೆ, ತೋಳಿನ ತುದಿಯಲ್ಲಿ ಎರಡು ಉಗುರು ಇಣುಕುತ್ತಿದ್ದವು. ಪಿಟೀಲಿನವಳ ಭುಜ ಎರಡೂ ಕಡೆ ಜೋತುಬಿದ್ದಿತ್ತು. ಕಹಳೆ ಊದುವ ದಪ್ಪನೆಯವನೊಬ್ಬ ಮಾತ್ರ ಕನ್ನಡಿ ಮುಂದೆ ತಿರುಗಿ ತಿರುಗಿ, "ಎಷ್ಟು ವರ್ಷ ಆಗಿತ್ತು ಹೀಗೆ ತೆಳ್ಳಗೆ ಕಂಡು" ಅಂತ ಖುಷಿಪಟ್ಟ. ಮಿಕ್ಕವರು ಒಬ್ಬರನ್ನೊಬ್ಬರು ನೋಡಿಕೊಂಡು ಬಿದ್ದು ಬಿದ್ದು ನಕ್ಕರು. ವಾದ್ಯದ ಯಜಮಾನ ಒಬ್ಬನೇ ನಗಲಿಲ್ಲ. "ಮಾಸ್ಟರೇ, ಭಾನುವಾರ ಅಂದ್ರೆ ಇನ್ನು ಐದೇ ದಿನ" ಅಂದ.

ಮಾಸ್ಟರ್ ತಂಗಿಯ ಕಡೆ ನೋಡಿದ. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿ ಇತ್ತು. "ನಿನ್ನ ಯಂತ್ರ" ಅಂದ, ಅಷ್ಟೇ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ಅಕ್ಕನಿಗೆ ಗೊತ್ತು, ಅದಕ್ಕೇ ತಪ್ಪನ್ನು ಯಾರ ಮೇಲೂ ಹಾಕಲು ಹೋಗಲಿಲ್ಲ. ಮೊದಲು ತಾನು ಕುಟ್ಟಿದ್ದನ್ನು ನೋಡಿದಳು, ಸರಿಯಿತ್ತು. ಕಾರ್ಖಾನೆಯವರು ಕೊಟ್ಟ ತುಂಡನ್ನು ಅವರದೇ ಚೀಟಿಯ ಜೊತೆ ಹಿಡಿದು ನೋಡಿದಳು, ಚೀಟಿಯಲ್ಲಿ ಇವಳು ಕಳಿಸಿದ್ದೇ ಇತ್ತು. ಹಾಗಾದರೆ ತಪ್ಪು ಒಳಗೆ ಹೋಗುವ ಮೊದಲೇ ಇದೆ. ಮೇಡಂ ಹೇಳಿದ ಕಸದ ಮಾತು ನೆನಪಾಯಿತು. ಕಸ ಕೊಟ್ಟವರು ಯಾರು?

ವಾದ್ಯದ ಯಜಮಾನ ಹಳೆಯ ಗಿರಾಕಿ. ಹನ್ನೊಂದು ವರ್ಷದ ಹಿಂದೆ ಅವನ ಮದುವೆಯ ಕೋಟು ಇಲ್ಲೇ ಆಗಿತ್ತು. ಅಕ್ಕ ಆ ರಿಜಿಸ್ಟರು ತೆಗೆದಳು. ತೋಳು ಇಪ್ಪತ್ತನಾಲ್ಕು. ಈಗಿನದು ಇಪ್ಪತ್ತಾರು. ಹೊಟ್ಟೆ ಬೆಳೆಯುತ್ತೆ, ಒಪ್ಪೋಣ. ನಲವತ್ತು ದಾಟಿದವನ ತೋಳು ಎಲ್ಲಾದರೂ ಬೆಳೆಯುತ್ತಾ? ಅವಳು ನಿವೃತ್ತ ಹೆಡ್‌ಮಾಸ್ಟರರ ಪುಟ ತೆಗೆದಳು. ಅವರು ಎರಡು ವರ್ಷಕ್ಕೊಂದು ಕೋಟು ಹೊಲಿಸುವವರು. ಕೊರಳು ಹದಿನಾಲ್ಕೂವರೆ, ಹದಿನಾಲ್ಕೂವರೆ, ಆಮೇಲೆ ಇದ್ದಕ್ಕಿದ್ದ ಹಾಗೆ ಹದಿನಾರೂವರೆ. ಪೋಸ್ಟ್‌ಮಾಸ್ಟರ್, ವಕೀಲರು, ಔಷಧಿ ಅಂಗಡಿಯವರು, ಎಲ್ಲರದೂ ಅದೇ ಕತೆ. ಒಂಬತ್ತನೇ ರಿಜಿಸ್ಟರಿನ ನಡುವೆ ಒಂದು ಪುಟ. ಅದಕ್ಕೆ ಮೊದಲು ಒಂದು ಅಳತೆ, ಅಲ್ಲಿಂದಾಚೆ ಎಲ್ಲದಕ್ಕೂ ಎರಡು ಜಾಸ್ತಿ. ಏಳು ವರ್ಷದ ಹಿಂದೆ ಒಂದೇ ವಾರದಲ್ಲಿ ಊರಿಗೆ ಊರೇ ಎರಡಿಂಚು ಬೆಳೆದುಬಿಟ್ಟಿತ್ತು. ಬರೆದುಕೊಂಡವಳು ತಾನೇ, ಒಂದು ದಿನವೂ ಹುಬ್ಬು ಏರಿಸಿರಲಿಲ್ಲ.

ಅವಳು ಎದ್ದು ಅಣ್ಣನ ಹತ್ತಿರ ಹೋಗಿ, ಅವನ ಕೊರಳಲ್ಲಿದ್ದ ಟೇಪು ಎಳೆದುಕೊಂಡಳು. ಟೇಪಿನ ತುದಿಯಲ್ಲಿ ಇರಬೇಕಾಗಿದ್ದ ಹಿತ್ತಾಳೆ ಪಟ್ಟಿ ಇರಲಿಲ್ಲ. ನೀಟಾಗಿ ಮಡಿಸಿ ಹೊಲಿದ ಅಂಚು ಇತ್ತು, ಆ ಅಂಚು ಶುರುವಾಗುವುದೇ ಎರಡರಿಂದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಅವಳ ಪಾಡು.

"ಅಣ್ಣ, ಇದರ ಒಂದು, ಎರಡು ಎಲ್ಲಿ ಹೋದವು?"

"ಅದಾ? ತುದಿ ನಾರು ನಾರಾಗಿತ್ತು. ಎರಡಿಂಚು ಕತ್ತರಿಸಿ ಹೊಲಿದುಬಿಟ್ಟೆ. ಟೇಪು ಚೆನ್ನಾಗಿಯೇ ಇತ್ತಲ್ಲ, ಬಿಸಾಕೋಕೆ ಮನಸ್ಸು ಬರಲಿಲ್ಲ" ಅಂದ ಮಾಸ್ಟರ್, ಇದರಲ್ಲೇನು ವಿಶೇಷ ಅನ್ನೋ ಹಾಗೆ.

"ಮತ್ತೆ ಇಷ್ಟು ವರ್ಷ ನಿನ್ನ ಕೋಟು ಒಂದೂ ಕೆಡಲಿಲ್ಲವಲ್ಲ. ಎದೆಯ ಕಾಲು ಭಾಗ ಹೇಗೆ ಲೆಕ್ಕ ಹಾಕ್ತಿದ್ದೆ?"

"ಲೆಕ್ಕ ಯಾಕೆ ಹಾಕಲಿ?" ಮಾಸ್ಟರ್ ಟೇಪಿನ ನಲವತ್ತರ ಮೇಲೆ ಬೆರಳಿಟ್ಟು, ಹೊಲಿದ ತುದಿಯನ್ನು ಅಲ್ಲಿಗೆ ತಂದು ಮಡಿಸಿದ, ಇನ್ನೊಂದು ಸಲ ಮಡಿಸಿದ. "ಮಡಿಸಿದ್ರೆ ಅರ್ಧ, ಮತ್ತೆ ಮಡಿಸಿದ್ರೆ ಕಾಲು. ಸಡಿಲಕ್ಕೆ ಎರಡು ಬೆರಳು. ಅಪ್ಪ ಕಲಿಸಿದ್ದೇ ಹೀಗೆ."

ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂತು ನಗತೊಡಗಿದಳು. ಅಳೆಯುವುದೂ ಅದೇ ಟೇಪು, ಕತ್ತರಿಸುವುದೂ ಅದೇ ಟೇಪು. ಕೂಗುವ ಸಂಖ್ಯೆ ಏನಾದರೆ ಯಾರಿಗೇನು? ಸಂಖ್ಯೆ ಅಂಗಡಿಯಿಂದ ಹೊರಗೆ ಹೋದದ್ದು ಈಗಲೇ, ಮೊದಲನೇ ಸಲ. ಹೋದ ಕೂಡಲೇ ಕೈಕಾಲು ಬೆಳೆಸಿಕೊಂಡು ಬಂದಿತ್ತು.

ಮಾಸ್ಟರ್ ನಗಲಿಲ್ಲ. ಅವನ ಮುಖ ಸಣ್ಣದಾಯಿತು. "ಹಾಗಾದ್ರೆ ಏಳು ವರ್ಷ ನಾನು ಊರಿಗೆಲ್ಲ ಸುಳ್ಳು ಕೂಗಿದೆನೇನೇ?" ಅಂದ.

"ಸುಳ್ಳು ಕೂಗಿದೆ, ನಿಜ ಕತ್ತರಿಸಿದೆ" ಅಂದಳು ಅಕ್ಕ. "ಸುಳ್ಳನ್ನ ಬರೆದವಳು ನಾನು. ಬಾ, ಇಬ್ಬರೂ ಸೇರಿ ತೊಳೆಯೋಣ."

ಬೀದಿಯ ಕೊನೆಯ ಅಂಗಡಿಗೆ ಹೋಗಿ ಹೊಸ ಟೇಪು ತಂದಳು. ಅವಸರ ಮಾಡಬೇಡಿ, ಮೊದಲು ಪರೀಕ್ಷೆ ಮಾಡಿ ಅಂತ ಮೇಡಂ ಇನ್ನೊಂದು ಪಾಠದಲ್ಲಿ ಹೇಳಿದ್ದಳು, ಅದಕ್ಕೆ ವಾದ್ಯದ ಯಜಮಾನ, ಡ್ರಮ್ಮಿನವನು, ಪಿಟೀಲಿನವಳು ಮೂವರನ್ನೂ ಮತ್ತೆ ನಿಲ್ಲಿಸಿ ಅಳೆಸಿದಳು. ಎಲ್ಲ ಕಡೆಯೂ ಸರಿಯಾಗಿ ಎರಡೇ ಇಂಚು ಕಡಿಮೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಬರೆದು ಗುಂಡಿ ಒತ್ತಿದಳು. ಹದಿನೆಂಟು ಜನರ ನೂರಾರು ಅಳತೆಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೆರಡು ಇಳಿದವು. ಮಾಸ್ಟರ್ ಹಿಂದೆ ನಿಂತು ನೋಡುತ್ತಿದ್ದವನು, "ಇದನ್ನ ನಾವು ಕೈಯಲ್ಲಿ ತಿದ್ದೋದಾಗಿದ್ರೆ?" ಅಂದ. "ನಾಡಿದ್ದಿನ ತನಕ ತಿದ್ದುತ್ತಾ ಕೂರಬೇಕಿತ್ತು" ಅಂದಳು ಅಕ್ಕ. ಬಟ್ಟೆ ದೊಡ್ಡದಾಗಿದ್ದದ್ದು ಪುಣ್ಯ. ದೊಡ್ಡದನ್ನು ಚಿಕ್ಕದು ಮಾಡಬಹುದು, ಚಿಕ್ಕದನ್ನು ದೊಡ್ಡದು ಮಾಡೋಕೆ ಯಾವ ದೇವರಿಂದಲೂ ಆಗಲ್ಲ. ಕಚ್ಚಾ ಹೊಲಿಗೆ ಬಿಚ್ಚಿ, ತುಂಡುಗಳನ್ನು ಅಂದೇ ಕಾರ್ಖಾನೆಗೆ ಕಳಿಸಿದರು. ಗುರುವಾರ ವಾಪಸ್ ಬಂದವು, ಹೊಲಿಗೆ ಯಂತ್ರಗಳು ಎರಡು ದಿನ ಬಿಡುವಿಲ್ಲದೆ ಓಡಿದವು.

ಶನಿವಾರ ಬೆಳಿಗ್ಗೆ ಹದಿನೆಂಟು ಜನ ಮತ್ತೆ ತೊಟ್ಟು ನಿಂತರು. ಹದಿನೇಳು ಕೋಟು ಮೈಗೆ ಅಂಟಿಸಿದ ಹಾಗೆ ಕೂತವು. ಕಹಳೆಯವನು ಕೊಂಚ ಬೇಜಾರು ಮಾಡಿಕೊಂಡ, ಅದು ಬೇರೆ ಮಾತು. ಡ್ರಮ್ಮಿನವನ ಎಡಭುಜದಲ್ಲಿ ಮಾತ್ರ ಒಂದು ಸುಕ್ಕು. ಅಳತೆ ನೋಡಿದರೆ ಸರಿ, ಕನ್ನಡಿ ನೋಡಿದರೆ ತಪ್ಪು. ಅಕ್ಕ ಕೈಚೆಲ್ಲಿ ನಿಂತಳು. ಮಾಸ್ಟರ್ ಹತ್ತಿರ ಬಂದು, ಅರ್ಧ ಕಣ್ಣು ಮುಚ್ಚಿ ನೋಡಿ, "ಡ್ರಮ್ಮಿನ ಪಟ್ಟಿ ಎಡಕ್ಕೆ ಹಾಕ್ಕೊಳ್ತೀಯಲ್ಲಪ್ಪ, ಆ ಭುಜ ಇಳಿದಿದೆ" ಅಂದ. ನಡುಗುವ ಕೈಯಿಂದಲೇ ಸೀಮೆಸುಣ್ಣದ ಒಂದು ಗೆರೆ ಎಳೆದ. ಗೆರೆ ಸ್ವಲ್ಪ ಸೊಟ್ಟ, ಜಾಗ ಮಾತ್ರ ಕರಾರುವಾಕ್ಕು. ಅರ್ಧ ಗಂಟೆಯಲ್ಲಿ ಸುಕ್ಕು ಮಾಯ. ಅಕ್ಕ ಲ್ಯಾಪ್‌ಟಾಪು ತೆರೆದು ಎಲ್ಲರ ಅಳತೆಯ ಪಕ್ಕದಲ್ಲೂ ಹೊಸದೊಂದು ಕಾಲಂ ಎಳೆದಳು, ತಲೆಬರಹ ‘ಮಾಸ್ಟರ್ ಕಂಡದ್ದು’.

ವಾದ್ಯದವರು ಕೋಟು ಹೊತ್ತುಕೊಂಡು ಗಲಾಟೆ ಮಾಡುತ್ತಾ ಮೆಟ್ಟಿಲಿಳಿಯುವ ಹೊತ್ತಿಗೆ ಕಟ್ಟಡದ ಯಜಮಾನರು ಮೆಟ್ಟಿಲು ಹತ್ತಿ ಬಂದರು. "ಮಾಸ್ಟರೇ, ಮೊಬೈಲಿನವನು ಅವಸರ ಮಾಡ್ತಿದಾನೆ. ಕೀಲಿ ಯಾವತ್ತು ಕೊಡ್ತೀರಿ?" ಅಂತ ಕೇಳಿದರು.

ಅಕ್ಕನ ಕೈ ಅಲ್ಲೇ ನಿಂತಿತು. ಕೋಟು ಸರಿಯಾದರೆ ಅಂಗಡಿ ಇರುತ್ತೆ ಅಂತ ಅಣ್ಣ ಅಂದದ್ದೇನೋ ನಿಜ. ಆದರೆ ಅವನು ಇವತ್ತು ಬೆಳಗಿನಿಂದ ಆ ಬಗ್ಗೆ ತುಟಿ ಬಿಚ್ಚಿರಲಿಲ್ಲ.

"ನನ್ನನ್ನ ಯಾಕೆ ಕೇಳ್ತೀರಿ ಸ್ವಾಮಿ?" ಅಂದ ಮಾಸ್ಟರ್, ಹೊಸ ಟೇಪನ್ನು ಸುರುಳಿ ಸುತ್ತುತ್ತಾ. "ನಾನಿಲ್ಲಿ ಅಳತೆ ತೆಗೆಯೋ ಕೆಲಸದವನು. ಅಂಗಡಿ ನಡೆಸೋಳು ಅಲ್ಲಿ ಕೂತಿದಾಳೆ, ಅವಳನ್ನ ಕೇಳಿ."

ಯಜಮಾನರು ತಿರುಗಿ ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಅವರು ಆ ಮೂಲೆಯ ಮೇಜಿನ ಕಡೆ ಮಾತಾಡಲು ಅಂತ ತಿರುಗಿದ್ದು ಅದೇ ಮೊದಲು. ಅಣ್ಣ ಬೇಕಂತಲೇ ಬೆನ್ನು ತಿರುಗಿಸಿ ಗುಂಡಿಗಳ ಡಬ್ಬಿಯಲ್ಲಿ ಏನೋ ಹುಡುಕುತ್ತಿದ್ದ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಎದುರಿನ ಕುರ್ಚಿ ತೋರಿಸಿದಳು.

"ಕೂತ್ಕೊಳ್ಳಿ. ಕೀಲಿ ಕೊಡೋಲ್ಲ" ಅಂದಳು. "ಆ ಹಿಂದಿನ ಕಿಟಕಿ ಚಿಲಕ ಮುರಿದು ಮೂರು ವರ್ಷ ಆಯ್ತು, ಅದನ್ನ ಯಾವತ್ತು ಹಾಕಿಸ್ತೀರಿ ಹೇಳಿ, ಬರೆದುಕೊಳ್ತೀನಿ."